ರನ್ ಫಾರ್ ದ ವಾಲ್‌ಗೆ ನಾನು ಸಿದ್ಧವಾಗುವ ರೀತಿ

ಮೇ ತಿಂಗಳ ನಡುವೆ ಕ್ಯಾಲಿಫೋರ್ನಿಯಾದ ಒಂಟಾರಿಯೊದಿಂದ ಹೊರಟು, ಮಡಿದ ಸೈನಿಕರನ್ನು ನೆನೆಯುವ ಮೆಮೋರಿಯಲ್ ಡೇ ವಾರಾಂತ್ಯದ ಶುಕ್ರವಾರ ವಾಷಿಂಗ್ಟನ್ ತಲುಪುವ ‘ರನ್ ಫಾರ್ ದ ವಾಲ್’ ಎಂಬ ಈ ಬೈಕ್ ಸವಾರಿ 2,500 ಮೈಲಿಗೂ ಮಿಗಿಲು. ಆದರೆ ಬೈಕಿಗೂ ಮೈಗೂ ಕಷ್ಟ ಕೊಡುವುದು ದೂರವಲ್ಲ. ನೂರಾರು ಬೈಕುಗಳ ಸಾಲಿನಲ್ಲಿ ದಿನವಿಡೀ ಒಂದೇ ಹದದಲ್ಲಿ ಓಡಿಸಬೇಕು, ಊರು ಬಂದಾಗ ಕಾಲ್ನಡಿಗೆಯ ವೇಗಕ್ಕೆ ಇಳಿಯಬೇಕು, ಊರು ದಾಟಿದ ಮೇಲೆ ಮತ್ತೆ ಹೆದ್ದಾರಿಯ ವೇಗಕ್ಕೆ ಏರಬೇಕು. ಒಬ್ಬನೇ ಹೋಗುವಾಗ ಬೈಕು ಕೆಟ್ಟರೆ ಅದು ನನ್ನ ಪಾಡು. ಸಾಲಿನ ನಡುವೆ ಕೆಟ್ಟರೆ ಹಿಂದಿರುವವರೆಲ್ಲರ ಜೀವಕ್ಕೆ ಅಪಾಯ. ಏನು ಬದಲಿಸಬೇಕು, ಏನು ಕಟ್ಟಿಕೊಳ್ಳಬೇಕು, ಏನು ಬಿಡಬೇಕು ಎಂದು ತೀರ್ಮಾನಿಸುವಾಗ ನನ್ನ ಮುಂದಿರುವ ಲೆಕ್ಕ ಇದೊಂದೇ.

1989ರಲ್ಲಿ ವಿಯೆಟ್ನಾಂ ಯುದ್ಧದ ಮಾಜಿ ಸೈನಿಕರು ಶುರುಮಾಡಿದ ಸವಾರಿ ಇದು. ‘ವಾಲ್’ ಎಂದರೆ ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಗೋಡೆ. ಯುದ್ಧದಲ್ಲಿ ಸತ್ತವರನ್ನು ಗೌರವಿಸುವುದು, ಸೆರೆಯಾದವರ ಮತ್ತು ಕಾಣೆಯಾದವರ ಲೆಕ್ಕ ಕೇಳುವುದು, ಬದುಕಿ ಬಂದವರ ಗಾಯ ಮಾಗಲು ಜೊತೆಯಾಗುವುದು ಇದರ ಉದ್ದೇಶ. ಸೆಂಟ್ರಲ್, ಮಿಡ್‌ವೇ, ಸದರ್ನ್ ಎಂದು ವಾಷಿಂಗ್ಟನ್ನಿಗೆ ದಾರಿ ಮೂರು. ಮಾಜಿ ಸೈನಿಕರಲ್ಲದವರೂ ಸೇರಬಹುದು. ಇಲ್ಲಿ ಬರೆದಿರುವುದು ಹೆಚ್ಚಾಗಿ ಸೆಂಟ್ರಲ್ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು.

ಮೊದಲು ಟೈರು. ಸವಾರಿಗೆ ಎರಡು ತಿಂಗಳಿರುವಾಗಲೇ ಗ್ರಿಪ್, ಅಂದರೆ ಟೈರಿನ ಗೀರುಗಳ ಆಳ ಅಳೆಯುತ್ತೇನೆ. ಟೈರಿನ ಮೇಲಿರುವ ಸವೆತದ ಗುರುತು 1/32 ಇಂಚಿನದು, ಅಲ್ಲಿಯವರೆಗೆ ಕಾಯುವಂತಿಲ್ಲ. ಹಿಂದಿನ ಟೈರಿನ ನಡುಭಾಗದಲ್ಲಿ 4/32 ಇಂಚಿಗಿಂತ ಕಡಿಮೆ ಉಳಿದಿದ್ದರೆ ಹೊಸದು ಹಾಕಿಸುತ್ತೇನೆ. ಸಾಮಾನು ತುಂಬಿದ ಭಾರದ ಬೈಕು ಬಿಸಿ ಕಾಂಕ್ರೀಟಿನ ಮೇಲೆ ನೇರಕ್ಕೆ ಓಡುತ್ತಲೇ ಇದ್ದರೆ ನಡುಭಾಗ ಚಪ್ಪಟೆಯಾಗುತ್ತದೆ. ಆಮೇಲೆ ತಿರುವಿನಲ್ಲಿ ಬೈಕು ವಾಲಲು ತಡೆಯುತ್ತದೆ, ಮಳೆಯಲ್ಲಿ ನೀರು ಹೊರಹೋಗುವುದಿಲ್ಲ. ಹೋಗುವ ದಾರಿಯ ಜೊತೆಗೆ ಮನೆಗೆ ಮರಳುವ ದಾರಿಯನ್ನೂ ಸೇರಿಸಿದರೆ ಐದು ಸಾವಿರ ಮೈಲಿಯ ಮೇಲಾಯಿತು. ಹಿಂದಿನ ಟೈರು ಅಷ್ಟನ್ನೂ ತಡೆಯಬೇಕು. ಟೈರಿನ ಬದಿಯಲ್ಲಿರುವ ಡಿಓಟಿ (ಅಮೆರಿಕದ ಸಾರಿಗೆ ಇಲಾಖೆ) ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನೂ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗ್ರಿಪ್ ಚೆನ್ನಾಗಿದ್ದರೂ ಐದಾರು ವರ್ಷ ದಾಟಿದ ರಬ್ಬರನ್ನು ನಾನು ನಂಬುವುದಿಲ್ಲ. ಹೊಸ ಟೈರು ಹಾಕಿಸುವಾಗ ರಬ್ಬರಿನ ವಾಲ್ವ್ ಕೂಡ ಹೊಸದಾಗಬೇಕು. ಅದರ ಬುಡದ ಬಿರುಕು ಹೊರಗೆ ಕಾಣುವುದಿಲ್ಲ, ಬೆರಳಲ್ಲಿ ಬಗ್ಗಿಸಿದರಷ್ಟೇ ಕಾಣುತ್ತದೆ. ಹೊಸ ಟೈರಿನ ಜಾರು ಹೋಗಲು ನೂರು ಮೈಲಿಯಾದರೂ ಓಡಿಸಿ. ಹಿಂದಿನ ದಿನ ಹಾಕಿಸಿಕೊಂಡು ಸಾಲಿಗೆ ಬರಬೇಡಿ.

ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ನೋಡಬೇಕು, ದಿನವೂ ನೋಡಬೇಕು. ಎಷ್ಟಿರಬೇಕೆಂಬುದು ಬೈಕಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿದೆ. ಬೈಕು ಹೊರಬಹುದಾದ ಒಟ್ಟು ತೂಕವೂ ಅಲ್ಲೇ ಇರುತ್ತದೆ. ಸವಾರ, ಹಿಂದೆ ಕೂರುವವರು, ಪೆಟ್ಟಿಗೆ, ನೀರು, ಬಾವುಟದ ಕಂಬ ಎಲ್ಲ ಸೇರಿದ ಮೇಲೂ ಅದನ್ನು ಮೀರಬಾರದು. ಇಬ್ಬರು ಹೋಗುವ ಬೈಕುಗಳಲ್ಲಿ ಈ ಮಿತಿ ಬಹು ಬೇಗ ಮುಗಿದುಹೋಗುತ್ತದೆ. ಟೂಲ್ ಬಾಕ್ಸ್ ಮನೆಯಲ್ಲಿಡಿ. ಟೈರ್ ಪ್ಲಗ್ ಕಿಟ್, ಪುಟ್ಟ ಪಂಪು, ಫ್ಯೂಸು, ಟೇಪು, ಜಿಪ್ ಟೈ, ನಿಮ್ಮ ಬೈಕಿಗೆ ಬೇಕಾದ ನಾಲ್ಕೈದು ಸ್ಪ್ಯಾನರ್ ಮತ್ತು ಅಲೆನ್ ಕೀ ಸಾಕು.

ಎಂಜಿನ್ನಿಗೆ ಸಂಬಂಧಿಸಿದಂತೆ ನನ್ನ ಚಿಂತೆಯೆಲ್ಲ ಬಿಸಿಯದು. ಊರೊಳಗಿನ ಮೆರವಣಿಗೆಯಲ್ಲಿ ಗಾಳಿಯಿಂದಲೇ ತಣಿಯುವ, ಎರಡು ಸಿಲಿಂಡರಿನ ವಿ-ಟ್ವಿನ್ ಎಂಜಿನ್ನಿಗೆ ಗಾಳಿಯೇ ಸಿಗುವುದಿಲ್ಲ, ಹಿಂದಿನ ಸಿಲಿಂಡರಿಗಂತೂ ಇನ್ನೂ ಕಷ್ಟ. ಹೊರಡುವ ವಾರದಲ್ಲಿ ತಯಾರಕರು ಹೇಳಿದ ದರ್ಜೆಯ ಹೊಸ ಆಯಿಲ್, ಫಿಲ್ಟರ್ ಹಾಕಿ, ಮಟ್ಟವನ್ನು ಎಂಜಿನ್ ಬಿಸಿಯಾದ ಮೇಲೆ ನೋಡಬೇಕೋ ತಣ್ಣಗಿರುವಾಗ ನೋಡಬೇಕೋ ಎಂಬುದನ್ನು ಕೈಪಿಡಿಯಲ್ಲಿ ಓದಿಕೊಳ್ಳುತ್ತೇನೆ. ನೀರು ಸುತ್ತುವ ಎಂಜಿನ್ನಾದರೆ ಅಂಗಳದಲ್ಲೇ ಹತ್ತು ನಿಮಿಷ ಐಡ್ಲಿಂಗ್ ಬಿಟ್ಟು ಫ್ಯಾನು ತಿರುಗುತ್ತದೆಯೇ ಎಂದು ನೋಡಿ. ಹೆದ್ದಾರಿಯಲ್ಲಷ್ಟೇ ಓಡುವ ಬೈಕಿನಲ್ಲಿ ಫ್ಯಾನು ಸತ್ತಿರುವುದು ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ.

ಕ್ಲಚ್ ಕೂಡ ಈ ಮೆರವಣಿಗೆಯಲ್ಲೇ ಸೋಲುವುದು. ಅರ್ಧ ಒತ್ತಿ ಹಿಡಿದುಕೊಂಡೇ ತೆವಳಿದರೆ ಪ್ಲೇಟು ಕಾಯುತ್ತದೆ. ಕೇಬಲ್ ಇದ್ದರೆ ಲಿವರಿನಲ್ಲಿ ಕೇಬಲ್ಲಿನ ತುದಿಯ ಲೋಹದ ಗುಂಡು ಕೂರುವ ಜಾಗ ನೋಡಿ. ಎಳೆಗಳು ಒಂದೊಂದಾಗಿ ಹರಿಯುವುದು ಅಲ್ಲೇ. ಒಂದು ಎಳೆ ಎದ್ದಿದ್ದರೂ ಕೇಬಲ್ ಬದಲಿಸಬೇಕು. ಬ್ರೇಕ್ ಪ್ಯಾಡ್, ಎರಡು ವರ್ಷ ದಾಟಿದ ಬ್ರೇಕ್ ಆಯಿಲ್ ಕೂಡ ಹೊರಡುವ ಮುಂಚೆಯೇ ಹೊಸದಾಗಬೇಕು. ಬ್ಯಾಟರಿ ರಾತ್ರಿ ಕಳೆದ ಮೇಲೆ 12.6 ವೋಲ್ಟಿಗಿಂತ ಕೆಳಗಿದ್ದರೆ ಅನುಮಾನ ಪಡಿ. ಎಂಜಿನ್ ಓಡುವಾಗ ಹದಿನಾಲ್ಕರ ಆಸುಪಾಸು ಇರಬೇಕು. ಬಿಸಿ ಜಾಕೆಟ್, ಫೋನ್, ಹೆಚ್ಚುವರಿ ದೀಪ ಎಲ್ಲ ಹಾಕಿ ಐಡ್ಲಿಂಗ್‌ನಲ್ಲಿ ಮತ್ತೊಮ್ಮೆ ಅಳೆದರೆ ನಿಜ ತಿಳಿಯುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಸವಾರನ ಕೈ ಪಳಗಿರದಿದ್ದರೆ ಉಪಯೋಗವಿಲ್ಲ. ಏಪ್ರಿಲಿನಲ್ಲಿ ಖಾಲಿ ಪಾರ್ಕಿಂಗ್ ಜಾಗ ಹುಡುಕಿ, ಸಾಮಾನೆಲ್ಲ ಕಟ್ಟಿದ ಬೈಕಿನಲ್ಲೇ ನಿಧಾನ ಓಡಿಸುವುದನ್ನು ಅಭ್ಯಾಸ ಮಾಡಿ. ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿ, ಕ್ಲಚ್ಚಿನ ಹಿಡಿತದ ಅಂಚಿನಲ್ಲಿ, ಕಾಲು ಕೆಳಗಿಡದೆ ಐದು ಮೈಲಿ ವೇಗದಲ್ಲಿ ನೇರಕ್ಕೆ ಸಾಗಲು ಬರಬೇಕು. ಆಮೇಲೆ ನಾಲ್ಕೈದು ಗೆಳೆಯರನ್ನು ಸೇರಿಸಿಕೊಂಡು ಓರೆಸಾಲಿನಲ್ಲಿ ಓಡಿಸಿ: ಪಕ್ಕದ ಗೆರೆಯಲ್ಲಿ ಮುಂದಿರುವವರಿಗೆ ಒಂದು ಸೆಕೆಂಡಿನ ಅಂತರ, ನಿಮ್ಮ ಗೆರೆಯಲ್ಲೇ ಮುಂದಿರುವವರಿಗೆ ಎರಡು ಸೆಕೆಂಡು. ಸಾಲು ಹೇಗಿರಬೇಕು, ಯಾರಾದರೂ ಹೊರಗೆ ಹೋದರೆ ತೆರಪನ್ನು ಯಾರು ತುಂಬಬೇಕು ಎಂಬುದನ್ನು ಬೆಳಗಿನ ಸಭೆಯಲ್ಲಿ ಹೇಳುತ್ತಾರೆ. ಅದೇ ಅಂತಿಮ. ಬೇರೆ ಕ್ಲಬ್ಬಿನಲ್ಲಿ ಕಲಿತ ಪದ್ಧತಿಯನ್ನು ಇಲ್ಲಿ ತರಬಾರದು.

ಸಾಲಿನಲ್ಲಿ ಆಗುವ ಅನಾಹುತಗಳ ಮೂಲ ಹೆಚ್ಚಾಗಿ ಒಂದೇ. ಮುಂದಿನವರು ವೇಗ ತುಸು ಇಳಿಸುತ್ತಾರೆ, ಅವರ ಹಿಂದಿನವರು ತಡವಾಗಿ ಕಂಡು ಇನ್ನೂ ಜೋರಾಗಿ ಬ್ರೇಕ್ ಒತ್ತುತ್ತಾರೆ. ಹತ್ತನೆಯವರಿಗೆ ಬರುವಷ್ಟರಲ್ಲಿ ಅದು ತುರ್ತು ಬ್ರೇಕಾಗಿರುತ್ತದೆ. ಮತ್ತೆ ವೇಗ ಏರುವಾಗ ತೆರಪು ಹಿಗ್ಗಿ, ಬಾಲದಲ್ಲಿರುವವರು ಅದನ್ನು ಮುಚ್ಚಲು ಮಿತಿಮೀರಿ ಓಡಬೇಕಾಗುತ್ತದೆ. ಮುಂದಿನ ಬೈಕಿನ ಹಿಂಬದಿ ದೀಪವನ್ನೇ ನೋಡುತ್ತಿದ್ದರೆ ಹೀಗಾಗುತ್ತದೆ. ಕಣ್ಣು ಮೂರು ನಾಲ್ಕು ಬೈಕು ಆಚೆ ಇರಲಿ, ವೇಗವನ್ನು ಆಕ್ಸಿಲರೇಟರಿನಲ್ಲೇ ಸರಿಪಡಿಸಿಕೊಳ್ಳಿ, ಕ್ರೂಸ್ ಕಂಟ್ರೋಲ್ ಬೇಡ. ಫೋಟೊಗೆ ಕೈ ಬಿಡುವುದಂತೂ ಬೇಡವೇ ಬೇಡ. ಬೈಕು ಕೆಟ್ಟರೆ ಕೈ ಎತ್ತಿ ಬಲಬದಿಗೆ ಹೊರಗೆ ಹೋಗಿ. ಜೊತೆಗಾರರು ನಿಲ್ಲಬಾರದು, ಗಂಡ ಹೆಂಡತಿ ಬೇರೆ ಬೇರೆ ಬೈಕಿನಲ್ಲಿದ್ದರೂ ನಿಲ್ಲಬಾರದು. ಹಿಂದೆ ಬರುವ ಸಹಾಯದ ಟ್ರಕ್ಕಿನವರು ನೋಡಿಕೊಳ್ಳುತ್ತಾರೆ. ಇದನ್ನು ಮನೆಯಲ್ಲೇ ಮಾತಾಡಿ ಒಪ್ಪಿಕೊಂಡು ಹೊರಡಿ.

ಪೆಟ್ರೋಲ್ ಹಾಕಿಸುವುದಕ್ಕೂ ಇಲ್ಲಿ ತಯಾರಿ ಬೇಕು. ಸಾಲು ಪಂಪಿಗೆ ಬಂದಾಗ ಸ್ವಯಂಸೇವಕರು ಕೈಯಿಂದ ಕೈಗೆ ನಾಜಲ್ ದಾಟಿಸುತ್ತಾರೆ. ಕಾರ್ಡು ತೆಗೆದು ಉಜ್ಜುತ್ತ ಕೂತರೆ ಹಿಂದೆ ಬಿಸಿಲಲ್ಲಿ ನಿಂತ ನೂರು ಬೈಕು ಕಾಯಬೇಕು. ಒಂದು, ಐದು, ಹತ್ತು ಡಾಲರಿನ ನೋಟುಗಳನ್ನು ಜಾಕೆಟ್ಟಿನ ಎದೆಯ ಜೇಬಿನಲ್ಲಿಟ್ಟು, ಮೊತ್ತವನ್ನು ಮೇಲಕ್ಕೆ ದುಂಡಗೆ ಮಾಡಿ ಕೊಟ್ಟುಬಿಡಿ, ಚಿಲ್ಲರೆ ಕೇಳುವುದಿಲ್ಲ. ಪಂಪು ಹತ್ತಿರವಾಗುವಾಗಲೇ ಕೈಗವಸು ತೆಗೆದು ಮುಚ್ಚಳ ಬಿಚ್ಚಲು ಅಣಿಯಾಗಿ. ಟ್ಯಾಂಕಿನ ಮೇಲೆ ಚೀಲ ಕಟ್ಟುವ ಅಭ್ಯಾಸವಿದ್ದರೆ ಈ ಸವಾರಿಗೆ ಬಿಟ್ಟುಬಿಡಿ. ಕುತ್ತಿಗೆಯವರೆಗೆ ತುಂಬಬೇಡಿ, ಬಿಸಿಗೆ ಪೆಟ್ರೋಲ್ ಹಿಗ್ಗುತ್ತದೆ. ಬೆಟ್ಟದ ಸೀಮೆಯ ಪಂಪುಗಳಲ್ಲಿ, ಕೊಲೊರಾಡೊ ಕಡೆ ವಿಶೇಷವಾಗಿ, ಸಾಧಾರಣ ಪೆಟ್ರೋಲ್ 85 ಆಕ್ಟೇನಿನದು. ನಿಮ್ಮ ಬೈಕು 91 ಕೇಳುವುದಾದರೆ ಗುಂಡಿ ಒತ್ತುವ ಮುಂಚೆ ಓದಿಕೊಳ್ಳಿ. ತುಂಬಿದ ಟ್ಯಾಂಕಿನಲ್ಲಿ 130 ಮೈಲಿಯಾದರೂ ಓಡದ ಬೈಕನ್ನು ನಾನಂತೂ ತರಲಾರೆ.

ಬಟ್ಟೆಯ ವಿಷಯದಲ್ಲಿ ಹೊಸಬರು ಕ್ಯಾಲಿಫೋರ್ನಿಯಾದ ಬಿಸಿಲನ್ನಷ್ಟೇ ನೆನೆಯುತ್ತಾರೆ. ಒಂಟಾರಿಯೊ ಬಿಟ್ಟ ಕೂಡಲೇ ಕಹೋನ್ ಪಾಸ್ ಎಂಬ ಬೆಟ್ಟದ ದಾರಿಯ ಅಡ್ಡಗಾಳಿ, ನೀಡಲ್ಸ್ ಊರಿನ ಹತ್ತಿರ ಮೇ ತಿಂಗಳಲ್ಲೇ 40 ಡಿಗ್ರಿ ಮುಟ್ಟಬಹುದಾದ ಬಿಸಿ, ಅದಾದ ಮೇಲೆ ನ್ಯೂ ಮೆಕ್ಸಿಕೊದ ಏಂಜಲ್ ಫೈರ್. ಅದು 8,400 ಅಡಿ ಎತ್ತರದಲ್ಲಿದೆ. 1968ರಲ್ಲಿ ವಿಯೆಟ್ನಾಂನಲ್ಲಿ ಸತ್ತ ಮಗ ಡೇವಿಡ್‌ಗಾಗಿ ವಿಕ್ಟರ್ ವೆಸ್ಟ್‌ಫಾಲ್ ಕಟ್ಟಿಸಿದ ಸ್ಮಾರಕ ಅಲ್ಲಿದೆ. ಆ ಎತ್ತರದಲ್ಲಿ ಮೇನಲ್ಲೂ ಹಿಮ ಬೀಳಬಹುದು. ಹೊರಗೆ 4 ಡಿಗ್ರಿ ಇದ್ದು 60 ಮೈಲಿ ವೇಗದಲ್ಲಿದ್ದರೆ ಮೈಗೆ ತಾಗುವ ಚಳಿ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗೆ. ಮುಂದೆ ಕ್ಯಾನ್ಸಸ್‌ನ ಬಯಲುಗಾಳಿ, ಆಲಿಕಲ್ಲು. ವೆಸ್ಟ್ ವರ್ಜೀನಿಯಾದ ಬೆಟ್ಟಗಳಲ್ಲಿ ಮಳೆ. ಒಂದು ದಪ್ಪ ಜಾಕೆಟ್ಟಿಗಿಂತ ಮೂರು ತೆಳು ಪದರ ವಾಸಿ. ಮಳೆಯ ಉಡುಪು ಪೆಟ್ಟಿಗೆಯ ತಳದಲ್ಲಿ ಬೇಡ, ಎಲ್ಲಕ್ಕಿಂತ ಮೇಲಿರಲಿ. ಕೆಲವು ರಾಜ್ಯಗಳು ದೊಡ್ಡವರಿಗೆ ಹೆಲ್ಮೆಟ್ ಕಡ್ಡಾಯ ಮಾಡಿಲ್ಲ. ಕ್ಯಾಲಿಫೋರ್ನಿಯಾ, ವೆಸ್ಟ್ ವರ್ಜೀನಿಯಾ, ವರ್ಜೀನಿಯಾ ಮಾಡಿವೆ. ನನ್ನ ಹೆಲ್ಮೆಟ್ ಎಲ್ಲಿಯೂ ತಲೆ ಬಿಟ್ಟು ಇಳಿಯುವುದಿಲ್ಲ, ಕಿವಿಯಲ್ಲಿ ಇಯರ್ ಪ್ಲಗ್ ಕೂಡ. ಬಾಯಾರುವ ಮೊದಲೇ ನೀರು ಕುಡಿಯಿರಿ, ಪ್ರತಿ ನಿಲುಗಡೆಯಲ್ಲೂ ಅರ್ಧ ಲೀಟರ್. ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆ, ಮನೆಯವರ ನಂಬರು ಬರೆದ ಚೀಟಿ ಮೈಮೇಲಿನ ಜೇಬಿನಲ್ಲಿರಲಿ, ಬೈಕಿನಲ್ಲಲ್ಲ.

ಬಾವುಟ ಕಟ್ಟುವುದಾದರೆ ಅಮೆರಿಕದ ಧ್ವಜ ಬಲಕ್ಕೆ, ಕಾಣೆಯಾದ ಯೋಧರ ಕಪ್ಪು ಬಾವುಟ ಎಡಕ್ಕೆ. ಕಂಬವನ್ನು ಸಾಮಾನು ಕಟ್ಟುವ ರ‍್ಯಾಕಿನ ತುದಿಗೆ ಸಿಕ್ಕಿಸಿದರೆ ಅಡ್ಡಗಾಳಿಗೆ ಬೆಸುಗೆ ಬಿರುಕು ಬಿಡುತ್ತದೆ. ಚೌಕಟ್ಟಿಗೆ ಬಿಗಿದ ಬ್ರಾಕೆಟ್ ಬೇಕು, ನಟ್ಟು ಸಡಿಲವಾಗದಂತೆ ಲಾಕ್‌ಟೈಟ್ ಅಂಟು ಬೇಕು. 12×18 ಇಂಚಿನ ಬಾವುಟ ಸಾಕು, ದೊಡ್ಡದಾದರೆ ಹಿಂದಿನ ಸವಾರನ ಕಣ್ಣಿಗೆ ಅಡ್ಡ. ಹೆದ್ದಾರಿ ಗಾಳಿಗೆ ಹೊರ ಅಂಚಿನ ಹೊಲಿಗೆ ಬಿಚ್ಚಿ ಎಳೆ ಎದ್ದುಬರುತ್ತದೆ. ಚಿಂದಿಯಾದ ಧ್ವಜ ಹೊತ್ತು ಈ ಸಾಲಿನಲ್ಲಿ ಸಾಗುವುದು ಅಗೌರವ. ಆದ್ದರಿಂದ ಬದಲಿ ಬಾವುಟವೊಂದನ್ನು ಮಡಚಿ ಒಯ್ಯುತ್ತೇನೆ. ಹಳೆಯದನ್ನು ಕಸಕ್ಕೆ ಹಾಕದೆ ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್‌ನ ಶಾಖೆಗೆ ಕೊಟ್ಟರೆ ಅವರು ಮರ್ಯಾದೆಯಿಂದ ದಹನ ಮಾಡುತ್ತಾರೆ.

ನಿಲುಗಡೆಗಳಲ್ಲಿ ಎಪ್ಪತ್ತು ದಾಟಿದ ವಿಯೆಟ್ನಾಂ ಯೋಧರು ಸಿಗುತ್ತಾರೆ. ‘ವೆಲ್‌ಕಮ್ ಹೋಮ್’ ಎಂದು ಕೈ ಕುಲುಕಿ. ಅವರು ಮರಳಿದ ಕಾಲದಲ್ಲಿ ಅನೇಕರಿಗೆ ಈ ಮಾತು ಸಿಕ್ಕಿರಲಿಲ್ಲ. ಯುದ್ಧದ ಕಥೆ ಕೇಳಬೇಡಿ. ಅವರೇ ಹೇಳಿದರೆ ಬೈಕು ಆರಿಸಿ ಕೂತು ಕೇಳಿ. ಸುಮ್ಮನೆ ಎಂಜಿನ್ ಗುಡುಗಿಸುವುದು, ಸೈಲೆನ್ಸರಿನಲ್ಲಿ ಪಟಾಕಿ ಸದ್ದು ಹೊಡೆಸುವುದು ಇವರಲ್ಲಿ ಕೆಲವರಿಗೆ ಎಂಥ ಹಿಂಸೆ ಎಂಬುದನ್ನು ಸವಾರರು ತಿಳಿದಿರಬೇಕು.

ಶನಿವಾರ ವಿಯೆಟ್ನಾಂ ಸ್ಮಾರಕದ ಗೋಡೆಗೆ ಹೋಗುವ ಮುಂಚೆ, ನೀವು ಹುಡುಕುವ ಹೆಸರಿನ ಫಲಕ ಮತ್ತು ಸಾಲಿನ ಸಂಖ್ಯೆ ಬರೆದಿಟ್ಟುಕೊಳ್ಳಿ. 58,000ಕ್ಕೂ ಹೆಚ್ಚು ಹೆಸರುಗಳು ಅಲ್ಲಿ ಅಕಾರಾದಿಯಲ್ಲಿಲ್ಲ, ಮಡಿದ ದಿನದ ಕ್ರಮದಲ್ಲಿವೆ. ಎರಡು ಗೋಡೆ ಸೇರುವ ಮೂಲೆಯಿಂದ ಪೂರ್ವಕ್ಕೆ ಸಾಗಿ, ಪಶ್ಚಿಮದ ತುದಿಯಿಂದ ಮತ್ತೆ ಮೂಲೆಗೆ ಬಂದು ಮುಗಿಯುತ್ತವೆ. ಪ್ರತಿ ಹತ್ತನೇ ಸಾಲಿಗೆ ಅಂಚಿನಲ್ಲಿ ಚುಕ್ಕಿಯಿದೆ, ಎಣಿಸಲು ಅದೇ ಆಸರೆ. ಹೆಸರಿನ ಪಕ್ಕ ವಜ್ರದಾಕಾರವಿದ್ದರೆ ಸಾವು ಖಚಿತ, ಶಿಲುಬೆಯ ಗುರುತಿದ್ದರೆ ಇನ್ನೂ ಲೆಕ್ಕಕ್ಕೆ ಸಿಗದವರು. ಗೋಡೆಯ ಮೇಲಿನ ಹೆಸರಿನ ಅಚ್ಚು ತೆಗೆಯಲು ತೆಳು ಕಾಗದವನ್ನು ಜೊತೆಗಿರುವವರು ಎರಡೂ ಕಡೆ ಬಿಗಿಯಾಗಿ ಹಿಡಿದಿರಲಿ. ಮೆದು ಪೆನ್ಸಿಲಿನ ಮೊನೆಯಿಂದಲ್ಲ, ಸೀಸದ ಬದಿಯಿಂದ ಒಂದೇ ದಿಕ್ಕಿಗೆ ಹಗುರವಾಗಿ ಉಜ್ಜಿ. ಮೇಣದ ಬಣ್ಣ, ಮಾರ್ಕರ್ ಬೇಡ, ಕಲ್ಲಿಗೆ ಅಂಟುತ್ತದೆ. ಎತ್ತರದ ಹೆಸರಾದರೆ ಹಳದಿ ಅಂಗಿಯ ಸ್ವಯಂಸೇವಕರನ್ನು ಕೇಳಿ, ಅವರಲ್ಲಿ ಏಣಿಯಿರುತ್ತದೆ. ಅಚ್ಚನ್ನು ಮಡಚದೆ ಸುರುಳಿ ಸುತ್ತಿ ಪಿವಿಸಿ ಕೊಳವೆಯೊಳಗೆ ಹಾಕಿ, ಎರಡೂ ತುದಿ ಮುಚ್ಚಿ ತನ್ನಿ. ಮಳೆಯಲ್ಲಿ ಮನೆಗೆ ಬರುವಾಗ ನೆನೆಯುವುದಿಲ್ಲ.

ಮರಳುವ ದಾರಿಯಲ್ಲಿ ಸಾಲೂ ಇಲ್ಲ, ಸಹಾಯದ ಟ್ರಕ್ಕೂ ಇಲ್ಲ. ವಾಷಿಂಗ್ಟನ್ನಿನಲ್ಲೇ ಆಯಿಲ್ ಬದಲಿಸುವುದಾದರೆ ಏಪ್ರಿಲಿನಲ್ಲೇ ಶನಿವಾರ ಮಧ್ಯಾಹ್ನದ ಸಮಯ ಕಾದಿರಿಸಿ. ಭಾನುವಾರ ಅನೇಕ ಕಾರ್ಯಾಗಾರಗಳಿಗೆ ಬೀಗ, ಸೋಮವಾರ ಮೆಮೋರಿಯಲ್ ಡೇ ರಜೆ. ತಪ್ಪಿದರೆ ಮಂಗಳವಾರದವರೆಗೆ ಕಾಯಬೇಕು.