ಜಂಗ್‌ಪುರದಲ್ಲಿ ರೂಮು ಹಿಡಿದು ದೆಹಲಿ ನೋಡಿದ್ದು

ಹಾಸನದವರಿಗೆ ಇದು ಚೆನ್ನಾಗಿ ಗೊತ್ತು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟ ಟೂರಿಸ್ಟ್ ಬಸ್ಸು ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮೂರನ್ನೂ ಒಂದೇ ದಿನ ಮುಗಿಸಿ ರಾತ್ರಿಗೆ ವಾಪಸ್ ಹೋಗುತ್ತದೆ. ಬಂದವರು ಬೆಟ್ಟ ಹತ್ತಿರುತ್ತಾರೆ, ಫೋಟೋ ತೆಗೆದಿರುತ್ತಾರೆ. ಬಿಸಿಲು ಇಳಿದ ಮೇಲೆ ಊರಿನವರು ಬೇಲೂರಿನ ದೇವಸ್ಥಾನದ ಅಂಗಳಕ್ಕೆ ಬಂದು ಕೂರುವ ಹೊತ್ತು ಮಾತ್ರ ಅವರಿಗೆ ಸಿಗುವುದಿಲ್ಲ. ನಾನು, ಅಕ್ಕ ದೆಹಲಿಗೆ ಹೋಗೋಣ ಅಂತ ಮಾತಾಡಿಕೊಂಡಾಗ ಇದೇ ನೆನಪಿಗೆ ಬಂತು. ಹಾಗಾಗಿ ನೋಡುವ ಜಾಗಗಳ ಪಟ್ಟಿ ಮಾಡಲಿಲ್ಲ. ಒಂದು ಬಡಾವಣೆ, ಒಂದು ಮೆಟ್ರೋ ಲೈನು ಆರಿಸಿಕೊಂಡೆವು. ರಜೆ ಪೂರ್ತಿ ಅದರಲ್ಲೇ ಓಡಾಡಿದೆವು.

ಬಡಾವಣೆಯನ್ನು ಆರಿಸಿದ್ದು ರೈಲು ನೋಡಿ. ಮೈಸೂರಿನಿಂದ ಹಾಸನ, ಅರಸೀಕೆರೆ ಮೇಲೆ ವಾರಕ್ಕೊಮ್ಮೆ ಹೋಗುವ ಸ್ವರ್ಣ ಜಯಂತಿ ಎಕ್ಸ್‌ಪ್ರೆಸ್ ಕೊನೆಗೆ ನಿಲ್ಲುವುದು ಹಜರತ್ ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ. ಅಲ್ಲಿಂದ ಜಂಗ್‌ಪುರ ತುಂಬಾ ಹತ್ತಿರ. ಹೋಟೆಲ್ ಬೇಡ ಅಂತ ಮನೆಯೊಂದರ ಮೇಲಿನ ಮಹಡಿಯಲ್ಲಿ ಪುಟ್ಟ ಅಡುಗೆಮನೆ ಇರುವ ರೂಮು ಹಿಡಿದೆವು. ಅಡುಗೆಮನೆ ಇರಲೇಬೇಕು ಅಂತ ಹಟ ಹಿಡಿದವಳು ಅಕ್ಕ. "ಹೊರಗೆ ತಿಂದುಕೊಂಡೇ ಇದ್ರೆ ನಾವು ಅಲ್ಲಿ ನೆಂಟರು ಕಣೇ. ಹಾಲು, ತರಕಾರಿ ತರೋಕೆ ಶುರು ಮಾಡಿದ್ರೆ ಅಕ್ಕಪಕ್ಕದವರು" ಅಂದಳು.

ಅವಳು ಹೇಳಿದ್ದು ಪೂರ್ತಿ ನಿಜವಾಯಿತು. ದೆಹಲಿಯ ಬಡಾವಣೆಗಳಲ್ಲಿ ಮದರ್ ಡೇರಿಯ ಹಾಲಿನ ಬೂತ್‌ಗಳಿವೆ. ಪ್ಯಾಕೆಟ್ ಹಾಲೂ ಸಿಗುತ್ತದೆ, ಮೆಷಿನ್ನಿನಿಂದ ಪಾತ್ರೆಗೆ ಬೀಳುವ ಟೋಕನ್ ಹಾಲೂ ಸಿಗುತ್ತದೆ. ಟೋಕನ್ ಹಾಲಿಗೆ ನಮ್ಮ ಪಾತ್ರೆ ನಾವೇ ಒಯ್ಯಬೇಕು. ಕೈಯಲ್ಲಿ ಸ್ಟೀಲ್ ಕ್ಯಾನ್ ಹಿಡಿದು ನಿಂತವರನ್ನು ಯಾರೂ ಟೂರಿಸ್ಟ್ ಅಂದುಕೊಳ್ಳುವುದಿಲ್ಲ. "ಯಾವ ಮನೆಗೆ ಬಂದಿದ್ದೀರಿ?" ಅಂತ ಕೇಳುತ್ತಾರೆ. ನಮಗೆ ಬೇಕಾದ ಸುದ್ದಿಯೆಲ್ಲ ಸಿಕ್ಕಿದ್ದು ಆ ಸಾಲಿನಲ್ಲೇ. ವಾರದ ಸಂತೆ ಯಾವ ದಿನ ಯಾವ ರಸ್ತೆಯಲ್ಲಿ, ಛೋಲೆ ಕುಲ್ಚೆಯ ಸೈಕಲ್ ಗಾಡಿ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ, ಎಲ್ಲಾನೂ. ಅಲ್ಲಿಯ ಸಂತೆಗಳಿಗೆ ವಾರದ ಹೆಸರೇ ಇರುತ್ತದೆ. ಸೋಮವಾರ ಕೂಡಿದರೆ ಸೋಮ್ ಬಜಾರ್, ಬುಧವಾರವಾದರೆ ಬುಧ್ ಬಜಾರ್. ಸಂಜೆ ದೀಪ ಹಚ್ಚಿಕೊಂಡು ರಸ್ತೆ ಬದಿಯಲ್ಲೇ ಹರಡಿಕೊಳ್ಳುತ್ತವೆ. ಚಳಿಗಾಲದಲ್ಲಿ ಹೋದರೆ ಕೆಂಪು ಗಜ್ಜರಿ ರಾಶಿ ರಾಶಿ. ಸುಟ್ಟ ಗೆಣಸಿಗೆ ಮಸಾಲೆ, ನಿಂಬೆರಸ ಹಾಕಿ ಕೊಡುವ ಶಕರ್‌ಕಂದಿ ಚಾಟ್ ತಿನ್ನದೆ ಬರಬೇಡಿ. ಲಜಪತ್ ನಗರದಲ್ಲಿ ರಾಮ್ ಲಡ್ಡು ಅಂತ ಸಿಗುತ್ತದೆ. ಹೆಸರು ಲಡ್ಡು, ಆದರೆ ಬೇಳೆಯ ಬಿಸಿ ಬೋಂಡ. ಮೇಲೆ ತುರಿದ ಮೂಲಂಗಿ, ಹಸಿರು ಚಟ್ನಿ.

ಇನ್ನು ಮೆಟ್ರೋ. ಜಂಗ್‌ಪುರ ಇರುವುದು ವಯಲೆಟ್ ಲೈನಿನಲ್ಲಿ. ಈ ಲೈನಿನ ಐಟಿಒದಿಂದ ಕಶ್ಮೀರಿ ಗೇಟ್‌ವರೆಗಿನ ಭಾಗ 2017ರಲ್ಲಿ ಶುರುವಾಯಿತು. ಆಗಿನಿಂದ ಹಳೇ ದೆಹಲಿ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಲೈನ್ ಇಲ್ಲ ಅಂತ ನನಗನಿಸುತ್ತದೆ. ಖಾನ್ ಮಾರ್ಕೆಟ್, ಜನಪಥ್, ಮಂಡಿ ಹೌಸ್, ದೆಹಲಿ ಗೇಟ್, ಜಾಮಾ ಮಸೀದಿ, ಲಾಲ್ ಕಿಲಾ, ಎಲ್ಲಾ ಒಂದೇ ರೈಲಿನಲ್ಲಿ. ಲೈನ್ ಬದಲಿಸುವ ಗೊಂದಲವೇ ಇಲ್ಲ. ಒಂದು ಸ್ಮಾರ್ಟ್ ಕಾರ್ಡ್ ಮಾಡಿಸಿಕೊಳ್ಳಿ, ಟಿಕೆಟ್ ಸಾಲು ತಪ್ಪುತ್ತದೆ. ರೈಲು ಹೋಗುವ ದಿಕ್ಕಿನ ಮೊದಲ ಬೋಗಿ ಹೆಂಗಸರಿಗೆ. ಹಿಂದಿ ಬಾರದ ಅಕ್ಕ ಅಲ್ಲಿ ಕೂತು ಎಷ್ಟು ಜನರನ್ನು ಮಾತಾಡಿಸಿದಳೋ!

ಲೋಧಿ ಗಾರ್ಡನ್‌ಗೆ ಬೆಳಿಗ್ಗೆಯೇ ಹೋಗಬೇಕು. ಖಾನ್ ಮಾರ್ಕೆಟ್ ಸ್ಟೇಷನ್ನಿನಿಂದ ನಡೆದರೆ ಆಯಿತು, ಟಿಕೆಟ್ ಇಲ್ಲ. ಸಯ್ಯದ್ ಮತ್ತು ಲೋಧಿ ಕಾಲದ ಗೋರಿಗಳು ಅಲ್ಲಿವೆ. ಮೊದಲು ಅಲ್ಲಿ ಹಳ್ಳಿಗಳೇ ಇದ್ದವು. ಅವನ್ನು ತೆರವು ಮಾಡಿ 1936ರಲ್ಲಿ ಪಾರ್ಕ್ ಮಾಡಿದರು. ಈಗ ಅದೇ ಗುಮ್ಮಟಗಳ ಪಕ್ಕ ಒಂದು ಗುಂಪು ಯೋಗ ಮಾಡುತ್ತಿರುತ್ತದೆ, ಇನ್ನೊಂದು ಗುಂಪು ನಡಿಗೆ ಮುಗಿಸಿ ಫ್ಲಾಸ್ಕಿನಿಂದ ಚಹಾ ಹಂಚಿಕೊಳ್ಳುತ್ತಿರುತ್ತದೆ. ನಾವು ಮತ್ತೆ ಮತ್ತೆ ಅಲ್ಲಿಗೇ ಹೋದೆವು. ಎರಡನೇ ಸಲ ಹೋದಾಗ ಮುಖ ಗುರುತು ಹಿಡಿದು ನಮಸ್ತೆ ಅನ್ನುವವರು ಸಿಕ್ಕರು. ಪಕ್ಕದ ಲೋಧಿ ಎಸ್ಟೇಟ್‌ನಲ್ಲೇ ದೆಹಲಿ ಕನ್ನಡ ಶಾಲೆ ಇದೆ. ಬೋರ್ಡಿನ ಮೇಲೆ ಆ ಹೆಸರು ಓದುವಾಗ ಆದ ಖುಷಿ ಹೇಳತೀರದು.

ಜನಪಥ್ ಸ್ಟೇಷನ್ನಿನಲ್ಲಿ ಇಳಿದು ಮೋಹನ್ ಸಿಂಗ್ ಪ್ಲೇಸ್‌ನ ಕಾಫಿ ಹೌಸ್‌ಗೆ ಹೋದದ್ದು ಅಕ್ಕನ ಆಸೆಗೆ. ಸಕಲೇಶಪುರದ ಹತ್ತಿರ ಅವಳ ತೋಟ, ಕಾಫಿ ಅವಳ ಜೀವ. ಈ ಕಾಫಿ ಹೌಸ್‌ಗಳನ್ನು ಮೊದಲು ನಡೆಸುತ್ತಿದ್ದದ್ದು ಕಾಫಿ ಬೋರ್ಡು. ಬೋರ್ಡು ಅವನ್ನು ಮುಚ್ಚಲು ಹೊರಟಾಗ, 1957ರಲ್ಲಿ, ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ಉಳಿಸಿಕೊಂಡರು. ನಮ್ಮ ಕಡೆ ಬೆಳೆದ ಬೆಳೆ ಅಷ್ಟು ದೂರದಲ್ಲಿ ಎಷ್ಟೋ ಸಂಸಾರಗಳಿಗೆ ಅನ್ನ ಹಾಕಿದೆ ಅಲ್ವಾ? ಅಲ್ಲಿ ಯಾರೂ ಏಳಿ ಅನ್ನುವುದಿಲ್ಲ. ವಯಸ್ಸಾದವರು ಗಂಟೆಗಟ್ಟಲೆ ರಾಜಕೀಯ ಮಾತಾಡುತ್ತಾ ಕೂತಿರುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚಾಂದನಿ ಚೌಕ್‌ನ ನಡಿಗೆ. ಲಾಲ್ ಕಿಲಾ ಸ್ಟೇಷನ್ನಿನಲ್ಲಿ ಇಳಿದು ಕೋಟೆಗೆ ಬೆನ್ನು ಹಾಕಿ ಪಶ್ಚಿಮಕ್ಕೆ ನೇರ ನಡೆಯಬೇಕು. ಷಹಜಹಾನನ ಮಗಳು ಜಹಾನಾರಾ ಮಾಡಿಸಿದ ಬೀದಿ ಇದು. ಈಗ ಹಗಲು ಹೊತ್ತು ಮೋಟಾರು ಗಾಡಿಗಳಿಗೆ ಪ್ರವೇಶವಿಲ್ಲ, ಸೈಕಲ್ ರಿಕ್ಷಾ ಮಾತ್ರ. ನೀವು ನಡೆದೇ ಹೋಗಿ. ಶುರುವಿನಲ್ಲೇ ಕೆಂಪು ಕಲ್ಲಿನ ದಿಗಂಬರ ಜೈನ ಮಂದಿರ. ಅದರ ಆವರಣದಲ್ಲಿ ಹಕ್ಕಿಗಳ ಆಸ್ಪತ್ರೆ ಇದೆ. ರೆಕ್ಕೆ ಮುರಿದ ಪಾರಿವಾಳಗಳಿಗೆ ದುಡ್ಡು ತೆಗೆದುಕೊಳ್ಳದೆ ಔಷಧಿ ಮಾಡುತ್ತಾರೆ. ಗೊಮ್ಮಟನ ಜಿಲ್ಲೆಯವರು ಅದನ್ನು ನೋಡಲೇಬೇಕು. ಆಮೇಲೆ ಗೌರಿ ಶಂಕರ ದೇವಸ್ಥಾನ. ಸ್ವಲ್ಪ ಮುಂದೆ ಸೀಸ್ ಗಂಜ್ ಗುರುದ್ವಾರ, ಗುರು ತೇಗ್ ಬಹಾದೂರರನ್ನು 1675ರಲ್ಲಿ ಕೊಂದ ಜಾಗ. ತಲೆಗೆ ಸೆರಗು ಹೊದ್ದು ಒಳಗೆ ಹೋಗಿ, ಲಂಗರ್‌ನಲ್ಲಿ ನೆಲದ ಮೇಲೆ ಎಲ್ಲರ ಜೊತೆ ಊಟಕ್ಕೆ ಕೂತೆವು. ಊಟ ಆದ ಮೇಲೆ ಅಕ್ಕ ತಟ್ಟೆ ತೊಳೆಯುವವರ ಜೊತೆ ಸೇರಿಕೊಂಡಳು. ಯಾರು ಬೇಕಾದರೂ ಸೇವೆ ಮಾಡಬಹುದು, ಕೇಳಬೇಕಾಗಿಲ್ಲ. ಬೀದಿಯ ಕೊನೆಗೆ ಫತೇಪುರಿ ಮಸೀದಿ.

ಮಸೀದಿ ಪಕ್ಕದಲ್ಲೇ ಖಾರಿ ಬಾವಲಿ, ಸಗಟು ಮಸಾಲೆ ಮಾರುಕಟ್ಟೆ. ಒಳಗೆ ಕಾಲಿಡುವಾಗಲೇ ಒಣಮೆಣಸಿನಕಾಯಿ ಘಾಟು, ಎಲ್ಲರಿಗೂ ಕೆಮ್ಮು. ಅಕ್ಕ ಚೀಲದಿಂದ ಚೀಲಕ್ಕೆ ಹೋಗಿ ಕಾಳುಮೆಣಸು ಅಂಗೈಗೆ ಹಾಕಿಕೊಂಡು ಗಾತ್ರ ನೋಡಿದಳು, ಒಂದು ಕಾಳು ಕಚ್ಚಿದಳು. ಅಂಗಡಿಯವರು ಸುಮ್ನೆ ನೋಡುತ್ತಿದ್ದರು. ಆಮೇಲೆ ಒಳಗಿನಿಂದ ಬೇರೆ ಚೀಲ ತರಿಸಿ ಬಿಚ್ಚಿದರು. ಅದು ದಪ್ಪ ಕಾಳು. ಅವಳು ತಲೆಯಾಡಿಸಿದಳು. ಎಲ್ಲಿಂದ ಬಂದಿರಿ ಅಂತ ಕೇಳಿದ್ದಕ್ಕೆ ನಾನು ಕರ್ನಾಟಕ, ಮೆಣಸಿನ ತೋಟದವರು ಅಂದೆ. ಕೂತುಕೊಳ್ಳಿ ಅಂತ ಸ್ಟೂಲ್ ಕೊಟ್ಟು ಚಹಾ ತರಿಸಿದರು. ಸಿಕ್ಕಿಂ ಕಡೆ ಬೆಳೆಯುವ ಕಪ್ಪು ದೊಡ್ಡ ಏಲಕ್ಕಿಯನ್ನು ಅಕ್ಕ ಮೊದಲು ಮೂಸಿದ್ದು ಆ ಅಂಗಡಿಯಲ್ಲೇ. ಹೊಗೆಯ ಮೇಲೆ ಒಣಗಿಸುವುದರಿಂದ ಅದಕ್ಕೆ ಹೊಗೆ ವಾಸನೆ. ನಮ್ಮ ಹಸಿರು ಏಲಕ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನಿಸುವಷ್ಟು ಬೇರೆ. ನಿಮ್ಮ ಊರಿನ ಬೆಳೆ, ನಿಮ್ಮ ಕೆಲಸ ಯಾವುದೋ, ಆ ನಗರದಲ್ಲಿ ಅದರ ಬೀದಿ ಎಲ್ಲಿದೆ ಅಂತ ಹುಡುಕಿ ಹೋಗಿ. ಭಾಷೆ ಬಾರದಿದ್ದರೂ ಮಾತು ನಡೆಯುತ್ತದೆ. ಭಾನುವಾರ ಮಾತ್ರ ಹೋಗಬೇಡಿ, ಅಂಗಡಿಗಳು ಮುಚ್ಚಿರುತ್ತವೆ.

ಗುರುವಾರ ಸಂಜೆಯನ್ನು ನಿಜಾಮುದ್ದೀನ್ ದರ್ಗಾಕ್ಕೆ ಮೀಸಲಿಡಿ, ಕವ್ವಾಲಿ ಇರುತ್ತದೆ. ಸೂಫಿ ಸಂತ ನಿಜಾಮುದ್ದೀನ್ ಔಲಿಯಾ ಮತ್ತು ಅವರ ಶಿಷ್ಯ, ಕವಿ ಅಮೀರ್ ಖುಸ್ರೋ ಇಬ್ಬರೂ 1325ರಲ್ಲೇ ತೀರಿಕೊಂಡವರು, ಇಬ್ಬರ ಗೋರಿಯೂ ಅಲ್ಲೇ. ಒಳಗಿನ ಕೋಣೆಗೆ ಹೆಂಗಸರಿಗೆ ಪ್ರವೇಶವಿಲ್ಲ, ಅದು ನನಗೆ ಬೇಸರ ತಂದಿತು. ಆದರೆ ಹಾಡು ನಡೆಯುವುದು ಹೊರಗಿನ ಅಂಗಳದಲ್ಲಿ, ಎಲ್ಲರೂ ಕೂರಬಹುದು.

ಕೆಂಪು ಕೋಟೆ, ನ್ಯಾಷನಲ್ ಮ್ಯೂಸಿಯಂ ಎರಡಕ್ಕೂ ಸೋಮವಾರ ರಜೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೋದರೆ ಹವೆ ಹಿತ, ರಾಷ್ಟ್ರಪತಿ ಭವನದ ತೋಟವೂ ತೆರೆದಿರುತ್ತದೆ. ನವೆಂಬರ್‌ನಲ್ಲಿ ಹೊಗೆ ಜಾಸ್ತಿ, ಉಸಿರಾಟದ ತೊಂದರೆ ಇರುವವರು ಆಗ ಬೇಡ.

ವಿಮಾನದಲ್ಲಿ ಹೋಗುವವರಿಗೆ ಜಂಗ್‌ಪುರಕ್ಕಿಂತ ಯೆಲ್ಲೋ ಲೈನ್ ಅನುಕೂಲ. ಏರ್‌ಪೋರ್ಟ್ ಮೆಟ್ರೋದಲ್ಲಿ ನ್ಯೂ ಡೆಲ್ಲಿ ಸ್ಟೇಷನ್ನಿಗೆ ಬಂದು ಅಲ್ಲಿ ಲೈನ್ ಬದಲಿಸಿದರೆ ಆಯಿತು. ಗ್ರೀನ್ ಪಾರ್ಕ್ ಕಡೆ ರೂಮು ನೋಡಿ. ಕುತುಬ್ ಮಿನಾರ್, ಚಾಂದನಿ ಚೌಕ್ ಎರಡೂ ಅದೇ ಲೈನಿನಲ್ಲಿವೆ. ಎರಡು ಸ್ಟೇಷನ್ ಆಚೆ ಐಎನ್ಎ ಮಾರ್ಕೆಟ್ಟಿದೆ, ಕರಿಬೇವು, ತೆಂಗಿನಕಾಯಿ ಅಲ್ಲಿ ಸಿಗುತ್ತದೆ.