ಹಾರಂಗಿ ಹಿನ್ನೀರಿನ ಸ್ಥಿರ ಜೆಟ್ಟಿಯಲ್ಲಿ ದೋಣಿಯ ಮೈ ಉಳಿಸಿಕೊಂಡ ಬಗೆ

ಸ್ಥಿರ ಜೆಟ್ಟಿಗೆ, ಅಂದರೆ ನೀರಿನೊಡನೆ ಏರಿಳಿಯದ ದೋಣಿಕಟ್ಟೆಗೆ, ದೋಣಿ ಕಟ್ಟುವವರಲ್ಲಿ ಹೆಚ್ಚಿನವರು ದೋಣಿಯ ಮೈಗೆ ಮೆತ್ತೆ ಕಟ್ಟುವುದರಲ್ಲಿಯೇ ಹಣ ಕಳೆಯುತ್ತಾರೆ. ಮೆತ್ತೆ ಇರಬೇಕಾದದ್ದು ಜೆಟ್ಟಿಯ ಕಂಬದ ಮೇಲೆ, ಅದೂ ಬಿಗಿಯಾಗಿ ಕೂರದೆ ಕಂಬದ ಸುತ್ತ ಸಲೀಸಾಗಿ ತಿರುಗುವಂತೆ ಎಂಬುದು ನಾನು ಕಂಡುಕೊಂಡ ಮಾತು. ಇದನ್ನು ಮೊದಲು ಹೇಳಿದಾಗ ಕುಶಾಲನಗರದ ವೆಲ್ಡಿಂಗ್ ಕೆಲಸದವರೂ ಒಪ್ಪಲಿಲ್ಲ, ದುಬಾರೆಯ ಕಡೆ ದೋಣಿ ನಡೆಸುವ ಪರಿಚಿತರೂ ಒಪ್ಪಲಿಲ್ಲ. ಆ ಮೇಲೆ ಕೆಲವು ಮಳೆಗಾಲಗಳು ಕಳೆದಿವೆ, ನನ್ನ ಹದಿನೆಂಟು ಅಡಿಯ ಫೈಬರ್ ದೋಣಿಯ ಪಕ್ಕಕ್ಕೆ ಒಮ್ಮೆಯೂ ಜೆಲ್‌ಕೋಟ್ (ಫೈಬರಿನ ಮೇಲಿನ ನುಣುಪು ಹೊರಲೇಪ) ಹಚ್ಚಿಸಬೇಕಾಗಿ ಬಂದಿಲ್ಲ. ಒಪ್ಪದವರಲ್ಲಿ ಒಬ್ಬರು ಕಳೆದ ಬೇಸಿಗೆಯಲ್ಲಿ ಟೇಪು ಹಿಡಿದು ಬಂದು ನನ್ನ ಕಂಬಗಳ ಅಳತೆ ತೆಗೆದುಕೊಂಡು ಹೋದರು.

ನಮ್ಮ ಜೆಟ್ಟಿ ಹಿನ್ನೀರಿನ ಪೂರ್ವ ದಂಡೆಯಲ್ಲಿದೆ. ಹಾರಂಗಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,859 ಅಡಿ. ನಮ್ಮ ಕಾಂಕ್ರೀಟ್ ಚಪ್ಪಡಿಯ ಮೇಲ್ಮೈ ಅದಕ್ಕಿಂತ ಸುಮಾರು ಎರಡು ಅಡಿ ಎತ್ತರದಲ್ಲಿದ್ದು, ಕಂಬಗಳ ಬುಡಕ್ಕೆ ನೀರು ತಾಗುವುದೇ ಮಟ್ಟ 2,850ರ ಆಸುಪಾಸಿಗೆ ಬಂದ ಮೇಲೆ. ಜೂನ್ ಕೊನೆಯಿಂದ ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆ ಮುಗಿಯುವವರೆಗೆ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವುದರಿಂದ ದೋಣಿಯನ್ನು ಹಗಲಿರುಳೂ ಜೆಟ್ಟಿಯ ಕಡೆಗೇ ಒತ್ತುತ್ತದೆ. ಮೇಲ್ಭಾಗದಲ್ಲಿ ಜೋರು ಮಳೆಯಾದರೆ ಒಂದೇ ರಾತ್ರಿಯಲ್ಲಿ ನೀರು ಎರಡು ಮೂರು ಅಡಿ ಏರುವುದುಂಟು, ಕ್ರಸ್ಟ್ ಗೇಟು ತೆರೆದರೆ ಇಳಿಯುವುದೂ ಉಂಟು. ಮಟ್ಟ 2,857 ದಾಟಿ ಏರುವ ರಾತ್ರಿಗಳು ಎಲ್ಲಕ್ಕಿಂತ ಅಪಾಯಕರ, ಏಕೆಂದರೆ ಆಗ ದೋಣಿಯ ಅಂಚು ಚಪ್ಪಡಿಯ ಅಡಿಗೆ ಸೇರಿಕೊಳ್ಳುತ್ತದೆ. ನೀರು ಮೇಲೇರುತ್ತಲೇ ಇರುತ್ತದೆ, ದೋಣಿಗೆ ಮಾತ್ರ ಏರಲು ಜಾಗವಿರುವುದಿಲ್ಲ. ನಮ್ಮ ಪಕ್ಕದ ಜೆಟ್ಟಿಯಲ್ಲಿ ಒಂದು ದೋಣಿ ಹೀಗೆ ಅಂಚು ಸೀಳಿ ಮುಳುಗಿದ್ದನ್ನು ನಾನೇ ನೋಡಿದ್ದೇನೆ.

ಎಲ್ಲರಂತೆ ನಾನೂ ಹಳೆಯ ಟೈರುಗಳಿಂದ ಆರಂಭಿಸಿದೆ. ಟೈರು ಪೆಟ್ಟನ್ನು ತಡೆಯುತ್ತದೆ, ಉಜ್ಜುವಿಕೆಯನ್ನು ತಡೆಯುವುದಿಲ್ಲ. ಮಳೆಗಾಲದ ಕೆಂಪು ನೀರಿನ ಮರಳು ಅದರ ಅಚ್ಚಿನೊಳಗೆ ಕೂರುತ್ತದೆ. ಆ ಬಳಿಕ ಪ್ರತಿ ಅಲೆಗೂ ಅದು ಮರಳು ಕಾಗದದ ಕೆಲಸವನ್ನೇ ಮಾಡುತ್ತದೆ. ಬಿಳಿಯ ಮೈಗೆ ಹತ್ತುವ ಕಪ್ಪು ಕಲೆಯನ್ನು ಸೀಮೆಎಣ್ಣೆಯಿಂದ ತಿಕ್ಕಿ ತೆಗೆಯುವ ಕೂಲಿ ಬೇರೆ. ತೆಂಗಿನ ನಾರಿನ ಹಗ್ಗವನ್ನು ದಪ್ಪವಾಗಿ ಸುತ್ತಿದ ಉಂಡೆಗಳು ದೋಣಿಗೆ ಬಹಳ ಮೃದುವಾಗಿದ್ದವು, ಆದರೆ ನೀರು ಕುಡಿದು ಭಾರವಾಗಿ, ಕಟ್ಟಿದ ದಾರವನ್ನೇ ಹರಿದುಕೊಂಡು ಹೋದವು. ಗೋಣಿಚೀಲದಲ್ಲಿ ಕಾಫಿ ಹೊಟ್ಟು ತುಂಬಿ ತೂಗುಹಾಕಿದ್ದು ಒಂದು ವಾರವೂ ಬಾಳಲಿಲ್ಲ. ಕೊಚ್ಚಿಯಿಂದ ತರಿಸಿದ ಗಾಳಿ ತುಂಬುವ ಫೆಂಡರುಗಳಿಗೆ (ದೋಣಿಯ ಪಕ್ಕಕ್ಕೆ ತೂಗುಹಾಕುವ ಮೆತ್ತೆಗಳು) ತಲಾ ಸಾವಿರದ ಎಂಟುನೂರರಷ್ಟು ಕೊಟ್ಟ ನೆನಪು. ಅವು ಸಪಾಟಾದ ಗೋಡೆಗೆ ತಕ್ಕವು. ಕಂಬದ ಎದುರು ಅಲೆಯ ಎರಡು ತಳ್ಳಿಗೇ ಪಕ್ಕಕ್ಕೆ ಉರುಳಿ, ಕಂಬ ನೇರವಾಗಿ ದೋಣಿಯ ಮೈಗೆ ತಾಗುತ್ತಿತ್ತು. ಎರಡು ಫೆಂಡರುಗಳ ಹೊರಗೆ ಅಡ್ಡ ಹಲಗೆ ತೂಗುಹಾಕಿ, ಕಂಬ ಹಲಗೆಗೆ ತಾಗುವಂತೆ ಮಾಡುವ ಕ್ರಮವೊಂದಿದೆ, ಅದು ಅರ್ಧ ಕೆಲಸ ಮಾಡಿತು. ಸಿಲ್ವರ್ ಓಕ್ ಹಲಗೆ ಒಂದೇ ಮಳೆಗಾಲಕ್ಕೆ ಸೀಳಿತು, ನಂದಿ ಮರದ ಹಲಗೆ ಗಟ್ಟಿಯಾಗಿ ನಿಂತಿತು. ಆದರೆ ಪ್ರತಿ ಬಾರಿ ಬಿಡುವಾಗ ಕಳಚಿ, ಬಂದಾಗ ಕಟ್ಟಿ, ನೀರಿನ ಮಟ್ಟಕ್ಕೆ ಸರಿಹೊಂದಿಸಲು ಜನ ಬೇಕು, ಮತ್ತು ರಾತ್ರಿ ನೀರು ಏರಿದಾಗ ಹಲಗೆಯೂ ದೋಣಿಯ ಜೊತೆಗೇ ಚಪ್ಪಡಿಯ ಅಡಿಗೆ ಹೋಗುತ್ತದೆ.

ಡ್ರಮ್ಮುಗಳ ಮೇಲೆ ತೇಲುವ ಜೆಟ್ಟಿಯೇ ಪರಿಹಾರ ಎಂದವರಿಗೆ ನನ್ನ ಉತ್ತರ ಎರಡು. ನನಗೆ ಸಿಕ್ಕ ಅಂದಾಜು ಎರಡೂವರೆ ಲಕ್ಷಕ್ಕೆ ಕಡಿಮೆ ಇರಲಿಲ್ಲ. ಎರಡನೆಯದು, ಮಳೆಗಾಲದಲ್ಲಿ ಈ ನೀರಿನಲ್ಲಿ ಬರುವ ಮರದ ದಿಮ್ಮಿಗಳು. 2018ರ ಆಗಸ್ಟ್‌ನ ಭೂಕುಸಿತಗಳ ಕಾಲದಲ್ಲಿ ಏನೇನು ತೇಲಿ ಬಂದಿತ್ತೆಂದು ನೋಡಿದವರು ಇಲ್ಲಿ ಡ್ರಮ್ಮುಗಳ ಮೇಲೆ ಲಕ್ಷಗಟ್ಟಲೆ ಸುರಿಯಲು ಮುಂದಾಗುವುದಿಲ್ಲ.

ದಾರಿ ತೋರಿಸಿದ್ದು ತೋಟದ ಗೋದಾಮಿನಲ್ಲಿ ಬಿದ್ದಿದ್ದ ಸ್ಪ್ರಿಂಕ್ಲರ್ ಮೈನ್‌ಲೈನಿನ ಹಳೆಯ ಕಪ್ಪು ಎಚ್‌ಡಿಪಿಇ (ಗಟ್ಟಿ ಪಾಲಿಥೀನ್) ಪೈಪುಗಳು. ಆ ಪ್ಲಾಸ್ಟಿಕ್ ಒದ್ದೆಯಾದಾಗ ಬಹಳ ನುಣುಪು, ಒಳಗೆ ಬೆರೆತ ಕಾರ್ಬನ್ನಿನಿಂದಾಗಿ ಬಿಸಿಲಿಗೆ ಸುಲಭವಾಗಿ ಜಗ್ಗುವುದಿಲ್ಲ, ಟೈರಿನಂತೆ ಬಣ್ಣ ಬಿಡುವುದೂ ಇಲ್ಲ. ಏಪ್ರಿಲ್‌ನಲ್ಲಿ ನೀರು ದೂರ ಸರಿದು ಜೆಟ್ಟಿಯ ಬುಡ ಒಣಗಿದ್ದಾಗ, ಚಪ್ಪಡಿಯ ಅಂಚಿನಿಂದ ಅರ್ಧ ಅಡಿ ಮುಂದಕ್ಕೆ, ಆರಾರು ಅಡಿಗೊಂದರಂತೆ ನಾಲ್ಕು ಅಂಗುಲದ ಮೂರು ಜಿಐ (ಸತು ಲೇಪಿತ ಕಬ್ಬಿಣದ ಪೈಪು) ಕಂಬಗಳನ್ನು ನಿಲ್ಲಿಸಿ, ಬುಡವನ್ನು ಕಾಂಕ್ರೀಟಿನಲ್ಲಿ ಹೂತೆ. ಕಂಬ ಚಪ್ಪಡಿಗಿಂತ ಸುಮಾರು ಮೂರು ಅಡಿ ಮೇಲಕ್ಕೆ ಬರುತ್ತದೆ. ದೋಣಿ ಯಾವಾಗಲೂ ಕನಿಷ್ಠ ಎರಡು ಕಂಬಗಳಿಗೆ ತಾಗಿಯೇ ನಿಲ್ಲುವುದರಿಂದ ಚಪ್ಪಡಿಯ ಅಡಿಗೆ ಹೋಗುವ ಅಪಾಯ ಅಲ್ಲಿಗೇ ತಪ್ಪಿತು. ಪ್ರತಿ ಕಂಬಕ್ಕೂ ಉದ್ದನೆಯ ಎಚ್‌ಡಿಪಿಇ ಪೈಪನ್ನು ಸಡಿಲ ಅಂಗಿಯಂತೆ ತೊಡಿಸಿದೆ. ದೋಣಿ ಹಿಂದೆ ಮುಂದೆ ಸರಿದರೆ ಪೈಪು ತಿರುಗುತ್ತದೆ, ಮೇಲೆ ಕೆಳಗೆ ಹೋದರೆ ಮೈ ಜಾರುತ್ತದೆ, ಉಜ್ಜುವುದಕ್ಕೆ ಅವಕಾಶವೇ ಉಳಿಯುವುದಿಲ್ಲ.

ವಾದವೆದ್ದದ್ದು ಕಂಬದ ಆಧಾರದ ವಿಷಯದಲ್ಲಿ. ಪೈಪು ತಿರುಗಬೇಕಾದರೆ ನಡುವೆ ಎಲ್ಲಿಯೂ ಬ್ರಾಕೆಟ್ ಇರಬಾರದು. ಚಪ್ಪಡಿಯ ಮಟ್ಟದಲ್ಲಿ ಆಧಾರ ಕೊಡದಿದ್ದರೆ ಕಂಬ ಬಾಗುವುದು ಖಂಡಿತ ಎಂದು ವೆಲ್ಡಿಂಗಿನವರು ಪಟ್ಟು ಹಿಡಿದರು. ನಾನು ಚಪ್ಪಡಿಯ ಮೇಲೆ ಗಿಡ್ಡ ಕಂಬಗಳನ್ನು ಕೂರಿಸಿ, ಅವುಗಳಿಂದ ತೋಳು ಚಾಚಿ ಮುಂದಿನ ಕಂಬಗಳ ನೆತ್ತಿಯನ್ನಷ್ಟೇ ಹಿಡಿಸಿದೆ, ಕಂಬಗಳ ಒಳಗೆ ಕಾಂಕ್ರೀಟು ತುಂಬಿಸಿದೆ. ಒಂದೂ ಬಾಗಿಲ್ಲ.

ಮೊದಲ ಮಳೆಗಾಲದಲ್ಲಿ ಪೈಪುಗಳು ಆಗಸ್ಟ್ ಹೊತ್ತಿಗೆ ತಿರುಗುವುದನ್ನು ನಿಲ್ಲಿಸಿದವು. ಕಂಬದ ಹೊರವ್ಯಾಸ ಸುಮಾರು 114 ಮಿ.ಮೀ.; ಗೋದಾಮಿನಲ್ಲಿದ್ದ 140 ಮಿ.ಮೀ. ಹೊರವ್ಯಾಸದ ದಪ್ಪ ಗೋಡೆಯ ಪೈಪಿನ ಒಳಗೆ ಉಳಿಯುತ್ತಿದ್ದ ಸಂದು ಎರಡೂ ಬದಿ ತಲಾ ಐದು ಮಿ.ಮೀ. ಮಾತ್ರ, ಅದರಲ್ಲಿ ಹೂಳು ಬಿಗಿದು ಕೂತಿತು. ಅನುಮಾನಪಟ್ಟವರು ಇದನ್ನೇ ಮುಂದಿಟ್ಟು ಯೋಜನೆ ಮುಗಿಯಿತೆಂದರು. ಮುಂದಿನ ಬೇಸಿಗೆಯಲ್ಲಿ 160ರ ಪೈಪು ಕೊಂಡು ಹಾಕಿದೆ, ಕೆಳತುದಿಯಲ್ಲಿ ಗರಗಸದಿಂದ ಹಲ್ಲಿನಂಥ ಕಚ್ಚುಗಳನ್ನು ಕೊಯ್ದು ಹೂಳು ಹೊರಬೀಳಲು ದಾರಿ ಮಾಡಿದೆ, ಪೈಪು ಕೂರುವ ಕೆಳಬಳೆಯ ಮೇಲೆ ಅದೇ ಪ್ಲಾಸ್ಟಿಕ್ಕಿನ ವಾಷರು ಇಟ್ಟೆ. ಒಳಗೆ ಒಂದು ವಸ್ತುವನ್ನು ಬಳಿಯುತ್ತೇನೆ. ಅದು ಗ್ರೀಸಲ್ಲ, ನೀರಿಗೆ ಹಾನಿಕರವೂ ಅಲ್ಲ, ಅದರ ಹೆಸರನ್ನು ಸದ್ಯ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಬಿಳಿಯ ಪಿವಿಸಿಯನ್ನೂ ಒಂದು ಕಂಬಕ್ಕೆ ಹಾಕಿ ನೋಡಿದ್ದೆ, ಬಿಸಿಲಿಗೆ ಪೆಡಸಾಗಿ ಮೊದಲ ಬಲವಾದ ಪೆಟ್ಟಿಗೆ ಒಡೆಯಿತು.

ಕಂಬ ಎಷ್ಟೇ ಚೆನ್ನಾಗಿದ್ದರೂ ಹಗ್ಗ ಗಿಡ್ಡವಾಗಿದ್ದರೆ ಪ್ರಯೋಜನವಿಲ್ಲ. ನೀರು ಮೂರು ಅಡಿ ಇಳಿದಾಗ, ಮಟ್ಟಸವಾಗಿ ಬಿಗಿದ ಐದು ಅಡಿಯ ಹಗ್ಗಕ್ಕೆ ಸುಮಾರು ಹತ್ತು ಅಂಗುಲ ಹೆಚ್ಚುವರಿ ಉದ್ದ ಬೇಕಾಗುತ್ತದೆ, ಇಪ್ಪತ್ತು ಅಡಿಯ ಹಗ್ಗಕ್ಕೆ ಮೂರು ಅಂಗುಲಕ್ಕಿಂತಲೂ ಕಡಿಮೆ ಸಾಕು. ಆದ್ದರಿಂದ ದೋಣಿಯ ಮುಂಭಾಗದ ಕ್ಲೀಟಿನಿಂದ (ಹಗ್ಗ ಕಟ್ಟುವ ಕೊಂಡಿ) ಜೆಟ್ಟಿಯ ಹಿಂದಿನ ಗೂಟಕ್ಕೂ, ಹಿಂಭಾಗದ ಕ್ಲೀಟಿನಿಂದ ಮುಂದಿನ ಗೂಟಕ್ಕೂ ‘ಸ್ಪ್ರಿಂಗ್’ ಎನ್ನುವ ಉದ್ದನೆಯ ಹಗ್ಗಗಳನ್ನು ಅಡ್ಡಹಾಯಿಸಿ ಕಟ್ಟುತ್ತೇನೆ. ಹಗ್ಗ ಹದಿನಾಲ್ಕು ಮಿ.ಮೀ. ನೈಲಾನ್ ಮಾತ್ರ. ಅಗ್ಗದ ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆಂಬ ಒಂದು ಗುಣ ಬಿಟ್ಟರೆ, ನೈಲಾನಿನಷ್ಟು ಹಿಗ್ಗಿ ಎಳೆತವನ್ನು ನುಂಗುವುದಿಲ್ಲ, ಬಿಸಿಲಿಗೆ ಬೇಗ ಪುಡಿಯಾಗುತ್ತದೆ.

ಜೋರು ಗಾಳಿಯ ರಾತ್ರಿಗಳಿಗೆ ಇನ್ನೊಂದು ವ್ಯವಸ್ಥೆಯಿದೆ. ಬೇಸಿಗೆಯಲ್ಲಿಯೇ ಜೆಟ್ಟಿಯಿಂದ ಮೂವತ್ತು ಅಡಿ ಆಚೆಗೆ ಕಾಂಕ್ರೀಟು ತುಂಬಿದ ಡ್ರಮ್ಮನ್ನು ಹೂತು, ಅದರ ಸರಪಳಿಗೆ ತೇಲುಗುಂಡು ಸೇರಿಸಿದ್ದೇನೆ. ಸಂಜೆ ಕೊನೆಯ ಪ್ರವಾಸಿ ಇಳಿದ ಮೇಲೆ ದೋಣಿಯ ಹೊರಬದಿಯನ್ನು ಅದಕ್ಕೆ ಕಟ್ಟಿ ಎಳೆದರೆ, ಕಂಬಗಳಿಂದ ಎರಡು ಅಡಿ ದೂರದಲ್ಲಿಯೇ ದೋಣಿ ರಾತ್ರಿ ಕಳೆಯುತ್ತದೆ. ಬೆಳಿಗ್ಗೆ ಒಳಕ್ಕೆ ಎಳೆಯಲು ಒಬ್ಬರು ಸಾಕು.

ಈ ನಡುವೆ ಇನ್ನೊಂದು ಪ್ರಯೋಗಕ್ಕೆ ಕೈಹಾಕಿದ್ದೇನೆ: ಪೈಪಿನ ಹೊರಗೆ, ನೀರಿನೊಡನೆ ತಾನಾಗಿ ಏರಿಳಿದು ಸದಾ ದೋಣಿಯ ಅಂಚಿನ ಎತ್ತರದಲ್ಲಿಯೇ ನಿಲ್ಲುವ ಮೆತ್ತನೆಯ ಬಳೆ. ಟ್ರ್ಯಾಕ್ಟರ್ ಟ್ಯೂಬಿನಿಂದ ಮಾಡಿದ್ದು ಓರೆಯಾಗಿ ಸಿಕ್ಕಿಕೊಳ್ಳುತ್ತಿತ್ತು. ಥರ್ಮೋಕೋಲನ್ನು ಟಾರ್ಪಾಲಿನಲ್ಲಿ ಹೊಲಿದು ಎತ್ತರವನ್ನು ಅಗಲಕ್ಕಿಂತ ಹೆಚ್ಚಿಸಿದಾಗ ಸರಿಯಾಗಿ ಏರತೊಡಗಿತು. ಅದನ್ನು ನೇರವಾಗಿ ನಿಲ್ಲಿಸುವ ತೂಕವನ್ನು ಎಲ್ಲಿ ಕಟ್ಟಬೇಕೆಂಬುದನ್ನು ಇನ್ನೊಂದು ಮಳೆಗಾಲ ನೋಡಿದ ಮೇಲೆ ತಿಳಿಸುತ್ತೇನೆ.

ಹಣದ ಲೆಕ್ಕ ನೆನಪಿನಿಂದ ಹೇಳುವುದಾದರೆ, ಗುಜರಿಯಲ್ಲಿ ತೂಕಕ್ಕೆ ಕೊಂಡ ಮೂರು ಜಿಐ ಪೈಪುಗಳಿಗೆ ಹತ್ತು ಸಾವಿರದ ಮೇಲೆ, ವೆಲ್ಡಿಂಗ್ ಮತ್ತು ಕಾಂಕ್ರೀಟಿಗೆ ಎಂಟೊಂಬತ್ತು ಸಾವಿರ, 160ರ ಪೈಪಿಗೆ ಐದಾರು ಸಾವಿರ, ಹಗ್ಗಕ್ಕೆ ಮೂರು ಸಾವಿರದಷ್ಟು. ಒಟ್ಟು ಮೂವತ್ತು ಸಾವಿರ ದಾಟಿಲ್ಲ. ಮೊದಲು ಪ್ರತಿ ವರ್ಷ ಜೆಲ್‌ಕೋಟ್ ರಿಪೇರಿಗೇ ಹದಿನೈದು ಸಾವಿರ ಹೋಗುತ್ತಿತ್ತು, ಆ ದಿನಗಳಲ್ಲಿ ದೋಣಿ ದಡದ ಮೇಲಿದ್ದು ತಪ್ಪಿದ ಬಾಡಿಗೆಯನ್ನು ನಾನು ಇದರಲ್ಲಿ ಸೇರಿಸಿಲ್ಲ. ಈಗ ಉಳಿದಿರುವ ಖರ್ಚು ಎರಡು ವರ್ಷಕ್ಕೊಮ್ಮೆ ಹಗ್ಗ ಬದಲಾಯಿಸುವುದು, ಮತ್ತು ಮೇ ತಿಂಗಳಲ್ಲಿ ಪೈಪುಗಳನ್ನು ಮೇಲಕ್ಕೆತ್ತಿ ಒಳಗಿನ ಹೂಳು ತೊಳೆಯಲು ಒಂದು ದಿನದ ಇಬ್ಬರ ಕೂಲಿ.