ಬಿಟ್ಟು ಹೋಗುವ ನೆಲ, ಎತ್ತಿಕೊಂಡು ಹೋಗುವ ನೆಲ

ಆ ಬಾಡಿಗೆ ಮನೆಗೆ ಬಂದ ದಿನದಿಂದ ಹಾಲ್‌ನ ನೆಲದ್ದೇ ಚಿಂತೆ. ಹಳೆಯ ವಿನೈಲ್ ಶೀಟ್ ಬಾಗಿಲ ಹತ್ತಿರ ಹರಿದು ಅಂಚು ಮೇಲೆದ್ದಿತ್ತು. ಮಗು ಅಂಬೆಗಾಲಿಡಲು ಶುರು ಮಾಡಿದ ಮೇಲೆ ಆ ಅಂಚಿಗೆ ಟೇಪ್ ಅಂಟಿಸುತ್ತಿದ್ದೆ. ವಾರ ಕಳೆಯುವುದರೊಳಗೆ ಅದು ಕಿತ್ತು ಬರುತ್ತಿತ್ತು. ಮಲಗುವ ಕೋಣೆಯಲ್ಲಿ ಟೈಲ್ಸ್ ಇತ್ತು, ಆದರೆ ಅಲ್ಲಲ್ಲಿ ಮೂಲೆ ಒಡೆದು ಕಾಲಿಗೆ ತರಚುತ್ತಿತ್ತು. ಕೊನೆಗೆ ಎರಡೂ ಕೋಣೆಯ ನೆಲವನ್ನು ನಾನೇ ಬದಲಿಸಿದೆ.

ಶುರು ಮಾಡಿದ್ದು ಅಂಗಡಿಯಿಂದಲ್ಲ, ಓನರ್ ಜೊತೆಗಿನ ಮಾತಿನಿಂದ. ಅವರು ಬಂದು ನೋಡಿ, "ಹಳೇದು ಕಿತ್ತು ಹಾಕಿ, ಪರವಾಗಿಲ್ಲ. ಆದರೆ ಖಾಲಿ ಮಾಡುವಾಗ ನನಗೆ ಬರೀ ಸಿಮೆಂಟ್ ನೆಲ ಬಿಟ್ಟು ಹೋಗಬೇಡಿ" ಅಂದರು. ಆ ಒಂದು ಮಾತು ನನ್ನ ಇಡೀ ಯೋಜನೆಯನ್ನೇ ಬದಲಿಸಿತು. ಅಲ್ಲಿಯವರೆಗೆ ಯಾವ ಬಣ್ಣ, ಯಾವ ವಿನ್ಯಾಸ ಅಂತಷ್ಟೇ ಯೋಚಿಸುತ್ತಿದ್ದೆ. ಹೋಗುವಾಗ ಯಾವುದು ಉಳಿಯುತ್ತೆ, ಯಾವುದು ನನ್ನ ಜೊತೆ ಬರುತ್ತೆ ಅನ್ನುವುದನ್ನು ಯೋಚಿಸಿಯೇ ಇರಲಿಲ್ಲ.

ಹೀಗೆ ಒಪ್ಪಿಕೊಂಡೆವು. ಹಾಲ್‌ನಲ್ಲಿ ಹಳೆಯ ಶೀಟ್ ತೆಗೆಯುವುದು. ಹೊಸ ನೆಲ ಮನೆಗೇ ಉಳಿಯುವುದು, ಸಾಮಾನಿನ ಅರ್ಧ ಖರ್ಚು ಅವರದು. ಮಲಗುವ ಕೋಣೆಯಲ್ಲಿ ಟೈಲ್ಸ್ ತೆಗೆಯದೆ ಅದರ ಮೇಲೆ ಹಾಸುವುದು. ಅದು ಪೂರ್ತಿ ನನ್ನದು, ಹೋಗುವಾಗ ಎತ್ತಿಕೊಂಡು ಹೋಗಬಹುದು. ಇದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು. ಎರಡೂ ಕೋಣೆಯ ಫೋಟೋಗಳನ್ನು, ಒಡೆದ ಮೂಲೆಗಳನ್ನೂ ಸೇರಿಸಿ, ಅವರಿಗೆ ಅಂದೇ ಕಳಿಸಿದೆ. ಬಾಯಿಮಾತು ಸಾಕು ಅನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಮೂರು ವರ್ಷದ ನಂತರ ಯಾರಿಗೆ ಏನು ನೆನಪಿರುತ್ತೆ?

ಇನ್ನೊಂದು ವಿಷಯವನ್ನೂ ಕೇಳಿ ತಿಳಿದುಕೊಂಡೆ: ಮನೆ ಕಟ್ಟಿದ್ದು ಯಾವಾಗ, ಶೀಟ್ ಹಾಸಿದ್ದು ಯಾವಾಗ ಅಂತ. 1980ರ ದಶಕ ಅಥವಾ ಅದಕ್ಕೂ ಹಿಂದೆ ಹಾಸಿದ ವಿನೈಲ್ ನೆಲಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಅದರಲ್ಲೂ 9 ಇಂಚು ಚೌಕದ ಹಳೆಯ ಟೈಲ್ಸ್ ಮತ್ತು ಅವುಗಳ ಕೆಳಗಿನ ಕಪ್ಪು ಗೋಂದು ಅನುಮಾನದ ವಸ್ತುಗಳು. ಅಂಥದ್ದನ್ನು ಕೆರೆಯುವುದು, ಉಜ್ಜುವುದು, ಒಡೆಯುವುದು ಬೇಡವೇ ಬೇಡ. ಅದರ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಉಳಿದುಬಿಡಬಹುದು. ಪರೀಕ್ಷೆ ಮಾಡಿಸಬೇಕು, ಇಲ್ಲವೇ ಅಲುಗಾಡಿಸದೆ ಹಾಗೇ ಮುಚ್ಚಿಬಿಡಬೇಕು. ನಮ್ಮ ಮನೆ ಕಟ್ಟಿದ್ದು 2004ರಲ್ಲಿ, ಶೀಟ್ ಅದರ ನಂತರದ್ದು. ಹಾಗಾಗಿ ಧೈರ್ಯವಾಗಿ ಕೈ ಹಾಕಿದೆ.

ಹಾಲ್‌ನಲ್ಲಿ ನನ್ನ ಶಕ್ತಿಯೆಲ್ಲ ಹೋಗಿದ್ದು ಶೀಟ್ ಕೀಳುವುದರಲ್ಲೇ. ಮೊದಲ ದಿನ ಒಂದು ಮೂಲೆಯಿಂದ ಹಿಡಿದು ಎಳೆದೆ. ಮೇಲಿನ ಪದರ ಮಾತ್ರ ಸುಲಿದು ಬಂತು. ಕೆಳಗಿನ ಕಾಗದದಂಥ ಪದರ ಗೋಂದಿನ ಜೊತೆ ಸಿಮೆಂಟಿಗೇ ಅಂಟಿಕೊಂಡು ಉಳಿಯಿತು. ಒಣಗಿದ್ದಾಗ ಕೆರೆದರೆ ತೋಳು ನೋವು ಬಂತೇ ಹೊರತು ಕೆಲಸ ಆಗಲಿಲ್ಲ. ಆಮೇಲೆ ದಾರಿ ಸಿಕ್ಕಿತು. ಶೀಟನ್ನು ಕಟ್ಟರ್‌ನಿಂದ ಒಂದೊಂದು ಅಡಿ ಅಗಲದ ಪಟ್ಟಿಗಳಾಗಿ ಸೀಳಿಕೊಂಡೆ. ಮೇಲಿನ ಪದರ ಎಳೆದು ತೆಗೆದು, ಉಳಿದ ಕಾಗದದ ಮೇಲೆ ಬಿಸಿನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಬೆರೆಸಿ ಚಿಮುಕಿಸಿದೆ. 20 ನಿಮಿಷ ಸುಮ್ನೆ ಬಿಟ್ಟೆ. ಕಾಗದ ನೆನೆದು ಮೆತ್ತಗಾಯಿತು. ಅಗಲ ಬಾಯಿಯ ಸ್ಕ್ರೇಪರ್ ಒಡ್ಡಿದರೆ ಸುರುಳಿ ಸುರುಳಿಯಾಗಿ ಎದ್ದು ಬಂತು. ತುಂಬಾ ಬಿಗಿಯಾಗಿದ್ದ ಕಡೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದೆ. ನೀರು ಹಾಕಿದ್ದರಿಂದ ಧೂಳೂ ಏಳಲಿಲ್ಲ. ಎಲ್ಲ ತೆಗೆಯಲು ಎರಡೂವರೆ ದಿನ ಹಿಡಿಯಿತು.

ಶೀಟ್ ಎದ್ದ ಮೇಲೆ ಬಚ್ಚಲುಮನೆ ಗೋಡೆಯ ಬದಿ ಸಿಮೆಂಟ್ ಸ್ವಲ್ಪ ಕಪ್ಪಾಗಿ ಕಂಡಿತು. ನಾನು ಹಾಕಿದ ನೀರೇ ಇರಬೇಕು ಅಂದುಕೊಂಡೆ. ನಾಲ್ಕು ದಿನ ಫ್ಯಾನ್ ಹಾಕಿದರೂ ಆರಲಿಲ್ಲ. ಆಗ ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಅಲ್ಲಿ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿದೆ. ಇನ್ನೊಂದು ಹಾಳೆಯನ್ನು ಕೋಣೆಯ ನಡುವೆ ಅಂಟಿಸಿದೆ. ಮರುದಿನ ನೋಡಿದರೆ ನಡುವಿನದು ಒಣಗಿತ್ತು. ಗೋಡೆ ಬದಿಯ ಹಾಳೆಯ ಒಳಮೈಯಲ್ಲಿ ಹನಿಗಳು ನಿಂತಿದ್ದವು. ಗೋಡೆಯೊಳಗಿನ ಪೈಪಿನ ಜೋಡಣೆ ಸೋರುತ್ತಿತ್ತು.

ಓನರ್‌ಗೆ ಆ ಹಾಳೆಯನ್ನೇ ತೋರಿಸಿದೆ. ಅವರು ಪ್ಲಂಬರ್ ಕರೆಸಿ ಸರಿ ಮಾಡಿಸಿದರು. ನೆಲ ಪೂರ್ತಿ ಒಣಗಲು ಇನ್ನೂ ಮೂರು ವಾರ ಕಾದೆ. ಅಷ್ಟು ದಿನ ಸಾಮಾನೆಲ್ಲ ಒಂದೇ ಕೋಣೆಯಲ್ಲಿ ತುಂಬಿಕೊಂಡು ಬದುಕುವುದು ಕಷ್ಟವೇ. ಆದರೂ ಆ ತೇವದ ಮೇಲೆ ಹಾಸಿಬಿಟ್ಟಿದ್ದರೆ ನೀರು ಹೋಗಲು ದಾರಿಯಿಲ್ಲದೆ ಕೆಳಗೆಲ್ಲ ಬೂಷ್ಟು ಹಿಡಿಯುತ್ತಿತ್ತು. ಹಳೆಯ ಶೀಟಿನ ಅಂಚು ಎದ್ದಿದ್ದಕ್ಕೂ ಅದೇ ತೇವ ಕಾರಣ ಇರಬಹುದು ಅಂತ ಈಗ ಅನಿಸುತ್ತೆ.

ಮಟ್ಟ ನೋಡಲು ಆರಡಿಯ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲೆ ಎಲ್ಲ ದಿಕ್ಕಿಗೂ ತಿರುಗಿಸಿ ಇಟ್ಟು ನೋಡಿದೆ. ಪಟ್ಟಿಯ ಕೆಳಗೆ 3 ಮಿಲಿಮೀಟರ್‌ಗಿಂತ ಜಾಸ್ತಿ ಸಂದು ಕಂಡ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಅಂಥ ಎರಡು ತಗ್ಗು ಸಿಕ್ಕವು. ಅವುಗಳಿಗೆ ಮಟ್ಟ ಮಾಡುವ ಸಿಮೆಂಟ್ ಮಿಶ್ರಣ ತುಂಬಿದೆ. ಇದನ್ನು ಮತ್ತೆ ತೆಗೆಯಲು ಆಗುವುದಿಲ್ಲ, ಹಾಗಾಗಿ ಒಪ್ಪಿಗೆ ಇದ್ದ ಹಾಲ್‌ನಲ್ಲಿ ಮಾತ್ರ ಮಾಡಿದೆ.

ಎರಡೂ ಕೋಣೆಗೆ ನಾನು ಆರಿಸಿಕೊಂಡಿದ್ದು ಒಂದಕ್ಕೊಂದು ಸಿಕ್ಕಿಸುವ ವಿನೈಲ್ ಹಲಗೆ. 5 ಮಿ.ಮೀ. ದಪ್ಪ, 7 ಇಂಚು ಅಗಲ, 4 ಅಡಿ ಉದ್ದ. ಗೋಂದು ಬೇಡ, ಮೊಳೆ ಬೇಡ. ಹಲಗೆಗಳು ಒಂದನ್ನೊಂದು ಹಿಡಿದುಕೊಂಡು ನೆಲದ ಮೇಲೆ ಸುಮ್ನೆ ಕೂತಿರುತ್ತವೆ. ಕೆಳಗೆ ಮೆತ್ತನೆಯ ಪದರ ಮೊದಲೇ ಅಂಟಿಸಿ ಬಂದಿತ್ತು. ಕಾಲಿಗೆ ಹಿತವಾಗಲಿ ಅಂತ ಇನ್ನೊಂದು ಫೋಮ್ ಹಾಸಬೇಕು ಅನಿಸುತ್ತೆ, ಅಲ್ವಾ? ಬೇಡ. ನೆಲ ಜಾಸ್ತಿ ಮೆತ್ತಗಿದ್ದರೆ ನಡೆದಾಗಲೆಲ್ಲ ಹಲಗೆ ಕುಗ್ಗಿ ಏಳುತ್ತೆ, ಸಿಕ್ಕಿಸುವ ಅಂಚು ಮುರಿಯುತ್ತೆ. ಡಬ್ಬಗಳನ್ನು ಹಾಸುವ ಕೋಣೆಯಲ್ಲೇ ಎರಡು ದಿನ ಮಲಗಿಸಿಟ್ಟೆ, ಅಲ್ಲಿನ ಬಿಸಿಗೆ ಹಲಗೆ ಹೊಂದಿಕೊಳ್ಳಲಿ ಅಂತ.

ಹಾಸುವ ಮೊದಲು ಲೆಕ್ಕ ಹಾಕಿದ್ದು ತುಂಬಾ ಉಪಯೋಗಕ್ಕೆ ಬಂತು. ಹಾಲ್‌ನ ಅಗಲ 11 ಅಡಿ 10 ಇಂಚು, ಅಂದರೆ 142 ಇಂಚು. 20 ಪೂರ್ತಿ ಸಾಲು ಹಾಸಿದರೆ 140 ಇಂಚು. ಹಲಗೆ ಹಿಗ್ಗಲು ಗೋಡೆಯ ಪಕ್ಕ ಬಿಡುವ ಸಂದು ಕಳೆದರೆ ಕೊನೆಯ ಸಾಲಿಗೆ ಉಳಿಯುವುದು ಒಂದೂವರೆ ಇಂಚಿನ ಚೂರು. ಅಷ್ಟು ಸಣ್ಣ ಪಟ್ಟಿ ನಿಲ್ಲುವುದಿಲ್ಲ, ನೋಡಲೂ ಚೆನ್ನಾಗಿರುವುದಿಲ್ಲ. ಅದಕ್ಕೆ ಮೊದಲ ಸಾಲನ್ನೇ ಉದ್ದಕ್ಕೆ ಸೀಳಿ ನಾಲ್ಕೂಕಾಲು ಇಂಚು ಮಾಡಿದೆ. ನಡುವೆ 19 ಪೂರ್ತಿ ಸಾಲು ಬಂದವು, ಕೊನೆಯದೂ ನಾಲ್ಕೂಕಾಲು ಇಂಚಿಗೆ ಬಂತು. ಅಕ್ಕಪಕ್ಕದ ಸಾಲುಗಳ ಕೂಡುಗೆರೆಗಳು ಕನಿಷ್ಠ ಒಂದಡಿ ದೂರ ಇರುವಂತೆ ನೋಡಿಕೊಂಡೆ. ಹಲಗೆ ಕತ್ತರಿಸಲು ಯಂತ್ರ ಬೇಕಾಗಲಿಲ್ಲ. ಕಟ್ಟರ್‌ನಿಂದ ಎರಡು ಮೂರು ಸಲ ಆಳವಾಗಿ ಗೀರಿ ಬಗ್ಗಿಸಿದರೆ ಲಟಕ್ ಅಂತ ಮುರಿಯುತ್ತೆ.

ಹಾಲ್‌ನ ಹಾಸುವ ಕೆಲಸ ಒಂದೂವರೆ ದಿನದಲ್ಲಿ ಮುಗಿಯಿತು. ಅದರ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ.

ಮಲಗುವ ಕೋಣೆಯಲ್ಲಿ ಮೊದಲು ಪ್ರತಿ ಟೈಲ್ ಮೇಲೂ ಬೆರಳಿನ ಗಂಟಿನಿಂದ ತಟ್ಟಿ ನೋಡಿದೆ. ಎರಡು ಕಡೆ ಟೊಳ್ಳು ಸದ್ದು ಬಂತು. ಆ ಎರಡನ್ನು ಎತ್ತಿ ಮತ್ತೆ ಅಂಟಿಸಿದೆ. ಟೈಲ್ಸ್ ನಡುವಿನ ಗೆರೆಗಳು ಸಣ್ಣವಾಗಿದ್ದವು, ಆಳವೂ ಇರಲಿಲ್ಲ. ಹಾಗಾಗಿ ಏನನ್ನೂ ತುಂಬಲಿಲ್ಲ. ಪ್ರತಿ ಹಲಗೆಯ ಹಿಂದೆ ಸಾಲಿನ ಸಂಖ್ಯೆ, ಹಲಗೆಯ ಸಂಖ್ಯೆ ಬರೆಯುತ್ತಾ ಹೋದೆ. ಹಲಗೆ ಬಂದ ಮೇಲೆ ನೆಲ 5 ಮಿ.ಮೀ. ಎತ್ತರವಾಗಿ ಬಾಗಿಲು ಉಜ್ಜತೊಡಗಿತು. ಬಾಗಿಲು ನನ್ನದಲ್ಲವಲ್ಲ. ಓನರ್‌ನ ಕೇಳಿ, ಅವರು ಹೂಂ ಅಂದ ಮೇಲೆ ಬಡಗಿಯಿಂದ ಕೆಳಗಿನ ಅಂಚು ಸವರಿಸಿದೆ.

ತಪ್ಪಾಗಿದ್ದು ಈ ಕೋಣೆಯಲ್ಲೇ. ಗೋಡೆ ಸುತ್ತ 8 ಮಿ.ಮೀ. ಸಂದು ಬಿಟ್ಟಿದ್ದೆ. ಬಾಗಿಲ ಚೌಕಟ್ಟಿನ ಹತ್ತಿರ ಮಾತ್ರ ಹಲಗೆಯನ್ನು ಮರಕ್ಕೆ ತಾಗುವಂತೆ ಕತ್ತರಿಸಿ ಕೂರಿಸಿದೆ. ಕಾಗದದಲ್ಲಿ ಅಚ್ಚು ಮಾಡಿ, ಅಷ್ಟು ಚೆನ್ನಾಗಿ ಹೊಂದಿಸಿದ್ದೆ. ಒಂದು ತಿಂಗಳ ನಂತರ, ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ದಿನಗಳಲ್ಲಿ, ಕೋಣೆಯ ನಡುವೆ ನೆಲ ಉಬ್ಬಿತು. ಕಾಲಿಟ್ಟರೆ ಒಳಗೆ ಹೋಗುತ್ತಿತ್ತು. ವಿನೈಲ್ ಬಿಸಿಗೆ ಹಿಗ್ಗುತ್ತೆ. ಒಂದು ಬದಿ ಚೌಕಟ್ಟು ತಡೆಯುತ್ತಿತ್ತು, ಎದುರು ಬದಿ ತುಂಬಿದ ಬೀರುವಿನ ಭಾರ ಹಲಗೆಯನ್ನು ಒತ್ತಿ ಹಿಡಿದಿತ್ತು. ನೆಲ ಸರಿಯಲು ಜಾಗವೇ ಇರಲಿಲ್ಲ. ಮೂರು ಸಾಲು ಬಿಚ್ಚಿ, ಚೌಕಟ್ಟಿನ ಹತ್ತಿರವೂ 8 ಮಿ.ಮೀ. ಬಿಟ್ಟು ಕತ್ತರಿಸಿ, ಆ ಸಂದಿಗೆ ಅದೇ ಬಣ್ಣದ ಮೆತ್ತನೆಯ ಸಿಲಿಕೋನ್ ತುಂಬಿದೆ. ಬೀರುವನ್ನು ಹಗುರ ಮಾಡಿದೆ. ಮರುದಿನಕ್ಕೆ ನೆಲ ಕೂತಿತು. ಆಮೇಲಿಂದ ಮಧ್ಯಾಹ್ನ ಪರದೆ ಎಳೆಯುವುದು ಅಭ್ಯಾಸವಾಯಿತು.

ಗೋಡೆಯಂಚಿನ ಸಂದು ಮುಚ್ಚಲು ತೆಳು ಪಟ್ಟಿಯನ್ನು ಡಬಲ್ ಟೇಪ್‌ನಿಂದ ಸ್ಕರ್ಟಿಂಗ್‌ಗೆ, ಅಂದರೆ ಗೋಡೆಯ ಬುಡದ ಪಟ್ಟಿಗೆ, ಮಾತ್ರ ಅಂಟಿಸಿದೆ. ನೆಲಕ್ಕೆ ಅಂಟಿಸಿದರೆ ಅದು ಮತ್ತೆ ಸರಿಯಲಾರದು. ಕಾಲೊರಸುವ ಮ್ಯಾಟ್ ಕೂಡ ಕೆಳಮೈಯಲ್ಲಿ ರಬ್ಬರ್ ಇಲ್ಲದ್ದನ್ನೇ ತಂದೆ. ರಬ್ಬರ್ ತಾಗಿದ ಕಡೆ ವಿನೈಲ್ ಹಳದಿ ಬಣ್ಣಕ್ಕೆ ತಿರುಗಬಹುದು, ಆ ಕಲೆ ಹೋಗುವುದಿಲ್ಲ.

ಮೂರು ವರ್ಷದ ನಂತರ ಮನೆ ಖಾಲಿ ಮಾಡಿದೆವು. ಮಲಗುವ ಕೋಣೆಯ ನೆಲವನ್ನು ಕೊನೆಯ ಸಾಲಿನಿಂದ ಹಿಂದಕ್ಕೆ, ಇಡೀ ಸಾಲನ್ನು ಓರೆಯಾಗಿ ಎತ್ತಿ, ಆಮೇಲೆ ಹಲಗೆಗಳನ್ನು ಒಂದರಿಂದೊಂದು ಸರಿಸಿ ಬಿಚ್ಚಿದೆ. ಒಂದೇ ಬೆಳಗ್ಗೆ ಮುಗಿಯಿತು. 6 ಹಲಗೆಗಳ ಅಂಚು ಮುರಿದವು. ಉಳಿದವು ನಾನು ಎತ್ತಿಟ್ಟಿದ್ದ ಹಳೆಯ ಡಬ್ಬಗಳಿಗೇ ವಾಪಸ್ ಹೋದವು. ಓನರ್ ಮೊಬೈಲ್‌ನಲ್ಲಿ ಆ ಹಳೆಯ ಫೋಟೋಗಳನ್ನು ತೆರೆದು, ಟೈಲ್ಸ್‌ನ ಒಡೆದ ಮೂಲೆಗಳನ್ನು ಒಂದೊಂದಾಗಿ ಹೋಲಿಸಿ ನೋಡಿದರು. "ಹಾಗೇ ಇದೆ" ಅಂದರು. ಅಡ್ವಾನ್ಸ್‌ನಲ್ಲಿ ಏನೂ ಹಿಡಿಯಲಿಲ್ಲ.